ಚೌಡವ್ವನ ಲೀಜಿನ ಮನೆ

ಚೌಡವ್ವ ಆಸೆಬುರುಕಿ. ಇದನ್ನು ಮೃದುವಾದ ಮಾತಿನಲ್ಲಿ ಹೇಳಲು ಹೋದರೆ ಸುಳ್ಳಾಗುತ್ತದೆ. ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದು ರೊಟ್ಟಿ ಖಾನಾವಳಿ. ಊಟಕ್ಕೆ ಕೂತವರಿಗೆ ಮೂರನೆಯ ರೊಟ್ಟಿಯನ್ನು ನಗುತ್ತ ಬಡಿಸಿ, ಅವರು ಕೈ ತೊಳೆಯುವಾಗ ಅದಕ್ಕೆ ಬೇರೆ ದುಡ್ಡು ಕೇಳುತ್ತಾಳೆ. ಬ್ಯಾಡಗಿಯ ಮಾರುಕಟ್ಟೆಗೆ ಹೋಗಿ, ತೊಟ್ಟು ಬಿಡಿಸುವ ಹೆಂಗಸರ ಪಕ್ಕದಲ್ಲಿ ಕೂತು, ಆರಿಸಿ ಬಿಟ್ಟ ಬಿಳಿಚು ಕಾಯಿಯನ್ನು ಅಗ್ಗಕ್ಕೆ ತಂದು ಒಳ್ಳೆಯ ಮೆಣಸಿನಕಾಯಿಯ ಜೊತೆ ಕುಟ್ಟಿಸುತ್ತಾಳೆ. ನನ್ನ ಮನೆಯಿಂದ ಒಯ್ದ ಹಿತ್ತಾಳೆಯ ಕೊಳಗ ಇನ್ನೂ ಮರಳಿ ಬಂದಿಲ್ಲ. ಕೇಳಿದರೆ, "ಅದು ನಮ್ಮಲ್ಲಿ ಆರಾಮ ಐತ್ರಿ ಅಕ್ಕೋರ" ಎನ್ನುತ್ತಾಳೆ. ನಾನು ಕಾಲೇಜಿನಲ್ಲಿ ಕಲಿಸಿದವಳು. ಅವಳ ಲೆಕ್ಕದಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ.

ಅವಳು ಗುತ್ತಲದ ಸೊಸೆ. ಅಲ್ಲಿ ಅವಳ ಮಾವ ದೇಶಪಾಂಡೆಯವರ ಹೊಲವನ್ನು ಲಾವಣಿಗೆ ಮಾಡುತ್ತಿದ್ದ. ಎಂದರೆ, ವರ್ಷಕ್ಕಿಷ್ಟು ಚೀಲ ಜೋಳವನ್ನು ಒಡೆಯರ ಮನೆಗೆ ಹಾಕಿ ಉಳಿದದ್ದನ್ನು ತಾನು ಇಟ್ಟುಕೊಳ್ಳುತ್ತಿದ್ದ. ಭೂಸುಧಾರಣೆ ಕಾಯ್ದೆ ಬಂದಾಗ ಅರ್ಜಿ ಹಾಕಿದ. ಟ್ರಿಬ್ಯೂನಲ್ಲು ಹೊಲವನ್ನು ಅವನ ಹೆಸರಿಗೆ ಮಾಡಿತು. ಚೌಡವ್ವ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಹಬ್ಬಕ್ಕೊಮ್ಮೆಯಾದರೂ ಅದೇ ಕಥೆ ನಡೆಯುತ್ತಿತ್ತು. ಮುಂದೆ ಗಂಡ ತೀರಿಕೊಂಡ. ಹೊಲ ಮೈದುನರ ಪಾಲಾಯಿತು. ಅವಳ ಪಾಲಿಗೆ ಉಳಿದದ್ದು ಆ ಕಥೆ ಮಾತ್ರ. ಇನ್ನೊಬ್ಬರ ನೆಲದ ಮೇಲೆ ಗಟ್ಟಿಯಾಗಿ ಕೂತರೆ ಒಂದು ದಿನ ಅದು ತನ್ನದಾಗುತ್ತದೆ ಎಂದು ಅವಳು ಅದರಿಂದ ತಿಳಿದುಕೊಂಡಳು. ನಮ್ಮ ಸೀಮೆಯಲ್ಲಿ ಹಾಗೆ ತಿಳಿದವರು ಬಹಳ ಜನ ಇದ್ದಾರೆ. ಆ ಕಾಯ್ದೆ ಬಂದದ್ದು ಉಳುವ ಹೊಲಕ್ಕೆ. ಊರೊಳಗಿನ ಮನೆಯ ಜಾಗಕ್ಕೆ ಅದು ಅನ್ವಯಿಸುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ.

ಖಾನಾವಳಿ ನಡೆಯುವ ಮನೆಯಲ್ಲಿ ಅವಳು ಮೊದಲು ಬಾಡಿಗೆಗೆ ಇದ್ದಳು. ಮನೆ ಹಾಲಸಿದ್ದಪ್ಪ ಎಂಬ ಬೀಜದ ವ್ಯಾಪಾರಿಯದು, ನೆಲ ಮಾತ್ರ ಹಾವೇರಿಯ ವೆಂಕೂಬಾಯಿ ದೇಶಪಾಂಡೆಯವರದು. ಚೌಡವ್ವನ ಮಾವ ಹೊಲ ಪಡೆದದ್ದು ಇದೇ ಮನೆತನದಿಂದ. ಹೊಲಗಳೆಲ್ಲ ಹೋದ ಮೇಲೆ ಅವರಿಗೆ ಉಳಿದದ್ದು ರಾಣೆಬೆನ್ನೂರಿನ ಈ ಒಂದು ಖುಲ್ಲಾ ಜಾಗ. ಅದನ್ನು ಅವರು ಹಾಲಸಿದ್ದಪ್ಪನಿಗೆ ಮೂವತ್ತು ವರ್ಷದ ಲೀಜಿಗೆ ಕೊಟ್ಟಿದ್ದರು. ಅವನು ಮನೆ ಕಟ್ಟಿದ. ರಸ್ತೆಯ ಬದಿಯಲ್ಲಿ ಒಂದು ತಗಡಿನ ಡಬ್ಬಿ ಅಂಗಡಿ ನಿಲ್ಲಿಸಿ, ದಿಲಾವರ ಎಂಬ ದರ್ಜಿಯನ್ನು ಬರಿಯ ಬಾಯಿಮಾತಿನ ಮೇಲೆ ಬಾಡಿಗೆಗೆ ಅದರೊಳಗೆ ಕೂಡಿಸಿದ.

ಲೀಜಿಗೆ ಏಳು ವರ್ಷ ಉಳಿದಿದ್ದಾಗ ಹಾಲಸಿದ್ದಪ್ಪ ಮನೆಯನ್ನು ಮಾರಲು ನಿಂತ. ಪಕ್ಕದ ಮನೆಗಳ ಅರ್ಧ ದರಕ್ಕೆ ಕೊಡುತ್ತೇನೆಂದ. ತಾನೇ ಚೌಕಾಸಿ ಮಾಡಿ ಇಳಿಸಿದೆ ಎಂದು ಚೌಡವ್ವ ಹಿಗ್ಗಿದಳು. ಕೊಳ್ಳುವ ಮೊದಲು ಓಣಿಯಲ್ಲಿ ಯಾರನ್ನೂ ಕೇಳಲಿಲ್ಲ. ಕೇಳಿದರೆ ಅವರೂ ಕೊಳ್ಳಲು ಬಂದಾರೆಂಬ ಭಯ. ಬ್ಯಾಂಕಿನವರು ಸಾಲ ಕೊಡಲಿಲ್ಲ. ಸಾಲ ತೀರುವ ಮೊದಲೇ ಲೀಜು ತೀರುತ್ತದೆಂದು ಅವರು ಹೇಳಿದ್ದನ್ನು ಅವಳು ಬ್ಯಾಂಕಿನವರ ಸೊಕ್ಕು ಎಂದು ತಿಳಿದಳು. ಬಂಗಾರ ಮಾರಿ, ಇಡುಗಂಟನ್ನು ಸೇರಿಸಿ ಹಣ ಹೊಂದಿಸಿದಳು. ವೆಂಕೂಬಾಯಿಯವರ ಒಪ್ಪಿಗೆಯ ಸಹಿಯನ್ನು ಹಾಲಸಿದ್ದಪ್ಪನೇ ತಂದ. ಕೊಂಡವಳ ಹೆಸರನ್ನು ವೆಂಕೂಬಾಯಿ ಆಗ ಗಮನಿಸಲಿಲ್ಲ.

ಲೀಜಿನ ಮನೆ ಕೊಂಡವರ ಕೈಗೆ ಬರುವುದು ಉಳಿದ ವರ್ಷಗಳು. ಆ ವರ್ಷಗಳಲ್ಲಿ ಮನೆಯ ಕರ, ದುರಸ್ತಿ, ನೆಲಬಾಡಿಗೆ ಎಲ್ಲ ಅವರವೇ. ವರ್ಷಗಳು ಮುಗಿದರೆ ನೆಲ ಒಡೆಯರಿಗೆ ಮರಳುತ್ತದೆ; ಈ ಕರಾರಿನಲ್ಲಿ ಮೇಲಿನ ಕಟ್ಟಡವೂ ಅದರ ಜೊತೆಗೇ ಹೋಗುತ್ತಿತ್ತು. ಲೀಜು ಮುಂದುವರಿಯಬೇಕೆಂದರೆ ಅವಧಿ ತೀರುವ ಆರು ತಿಂಗಳ ಮೊದಲು ಬರೆದು ಕೇಳಬೇಕು, ಒಡೆಯರು ಒಪ್ಪಬೇಕು. ಚೌಡವ್ವ ಬರೆದು ಕೇಳಲಿಲ್ಲ. ನೆಲಬಾಡಿಗೆಯನ್ನು ಮಾತ್ರ ಪ್ರತಿವರ್ಷ ದೀಪಾವಳಿಯ ಪಾಡ್ಯಕ್ಕೆ ಮನಿಆರ್ಡರ್ ಮಾಡಿದಳು.

ಅಷ್ಟೇ ಆಗಿದ್ದರೆ ಕೇಳಿಕೊಂಡು ಸರಿಪಡಿಸಬಹುದಿತ್ತು. ಲೀಜು ತೀರುತ್ತ ಬಂದಿದ್ದಾಗ ಒಂದು ಸಂತೆಯ ದಿನ ಖಾನಾವಳಿ ತುಂಬಿತ್ತು. ಯಾರೋ ಲೀಜಿನ ಮಾತು ತೆಗೆದರು. "ದೇಶಪಾಂಡೇರ ಹೊಲಾ ನುಂಗಿದ ಮನಿತನ ನಮ್ದು. ಈ ಜಾಗಾ ಯಾವ ಲೆಕ್ಕ? ಉಪ್ಪಿನಕಾಯಿ" ಎಂದಳು. ಉಣ್ಣುವವರು ನಕ್ಕರು. ಅವರಲ್ಲಿ ದಿನವೂ ಹಾವೇರಿಗೆ ಬಸ್ಸಿನಲ್ಲಿ ಹೋಗಿಬರುವವರಿದ್ದರು. ಮಾತು ಹಾವೇರಿಗೆ ತಲುಪಿತು. ಸ್ವಲ್ಪ ದಿನದಲ್ಲಿ ವಕೀಲರ ಮೂಲಕ ನೋಟೀಸು ಬಂತು: ಅವಧಿ ಮುಗಿಯುತ್ತಲೇ ಜಾಗ ಖಾಲಿ ಮಾಡಬೇಕು, ಮುಂದುವರಿಸುವ ಇಚ್ಛೆಯಿಲ್ಲ.

ನೋಟೀಸನ್ನೂ ಹಳೆಯ ಕರಾರನ್ನೂ ಹಿಡಿದು ನನ್ನಲ್ಲಿಗೆ ಬಂದಳು. ಓದಿ ಇದ್ದದ್ದನ್ನು ಹೇಳಿದೆ.

"ಲಾವಣಿ ಹೊಲಾ ನಮ್ದಾತಲ್ರಿ ಅಕ್ಕೋರ?"

"ಅದು ಹೊಲ. ಇದು ಮನೀ ಜಾಗ. ಆ ಕಾಯ್ದೆ ಇಲ್ಲಿ ನಡಿಯೂದಿಲ್ಲ."

"ಗ್ವಾಡಿಗೆ ರೊಕ್ಕಾ ನಾ ಕೊಟ್ಟೇನಿ."

"ಏಳು ವರ್ಷಕ್ಕ ಕೊಟ್ಟೀದಿ. ಅವು ಮುಗೀಲಿಕ್ಕೆ ಬಂದಾವ."

ಕಾಗದಗಳನ್ನು ಮಡಚಿಕೊಂಡು ಎದ್ದುಹೋದಳು. ಅವಳ ಬೆನ್ನಿಗೆ ನಾನೂ ಬಾಗಿಲಿಗೆ ಬಂದೆ. ಓಣಿಯ ಆಚೆ, ತನ್ನ ಅಂಗಡಿಯಲ್ಲಿ ದಿಲಾವರ ಕುಬಸಕ್ಕೆ ಗುಂಡಿ ಹಚ್ಚುತ್ತಿದ್ದ. ಆ ಅಂಗಡಿಯ ಮೇಲೆ ಚೌಡವ್ವನಿಗೆ ಮೊದಲಿನಿಂದಲೂ ಕಣ್ಣು. ಅವನ ಬಾಗಿಲಿನ ಅರ್ಧಕ್ಕೆ ತನ್ನ ಕಟ್ಟಿಗೆ ಒಟ್ಟಿ, ಅವನು ತಾನಾಗಿ ಬಿಟ್ಟುಹೋಗಲಿ ಎಂದು ಕಾಯುತ್ತಿದ್ದಳು.

"ಏನಂತ ಬಂತು ಚೌಡವ್ವಾರ ಕಾಗದಾ?" ಎಂದ.

"ಹೋಗ್ರಿ ಅಂತ ಬಂತು."

"ನಿಮಗ ಹೋಗ್ರಿ ಅಂತರ ಬರೀತಾರ. ನನಗ ಅದೂ ಬರಂಗಿಲ್ಲ. ಮುಂಜಾನೆ ಬಂದ್ರ ಕೀಲಿ ಹಾಕಿರ್ತೈತಿ, ಅಷ್ಟ."

"ನಿನ್ನ ಚಿಂತಿ ನೀ ಮಾಡು. ಆ ಸ್ಟೂಲ ಒಳಗ ತಗೋ, ನನ್ನ ಕಟ್ಟಿಗಿಗೆ ಜಾಗಾ ಇಲ್ಲ."

ಅವನು ಸ್ಟೂಲನ್ನು ಒಳಗೆ ಎಳೆದುಕೊಂಡ.

ಎರಡು ದಿನದ ಮೇಲೆ ಚೌಡವ್ವ ಹಾವೇರಿಗೆ ಹೊರಟಳು. ವೆಂಕೂಬಾಯಿಯವರ ಪರಿಚಯ ನನಗಿತ್ತು. ಜೊತೆಗೆ ಬನ್ನಿರೆಂದಳು, ಹೋದೆ. ಬಸ್ಸಿನ ಟಿಕೇಟು ನಾನೇ ತೆಗೆಸಿದೆ.

ವೆಂಕೂಬಾಯಿಯವರಿಗೆ ಎಂಬತ್ತು ದಾಟಿದೆ. ಪಡಸಾಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಚೌಡವ್ವ ಹೊಸ್ತಿಲ ಬಳಿ ನಿಂತಳು.

"ಬಾ, ಕುಂದ್ರು. ನೀವು ಕೂತ ಜಾಗಾ ನಮ್ಮ ಕೈಗೆ ತಿರುಗಿ ಬರೂದಿಲ್ಲ. ಇರಲಿ, ಕುಂದ್ರು," ಎಂದರು.

"ಇಲ್ಲೆ ನೆಲದ ಮ್ಯಾಲ ಕುಂದರತೇನ್ರಿ ಬಾಯಾರ."

"ನಿನಗ ನೆಲಾನ ಬೇಕಾಗಿದ್ದು. ಖಾನಾವಳ್ಯಾಗ ಏನಂದೀ? ಹೊಲಾ ನುಂಗೇವಿ, ಇದು ಉಪ್ಪಿನಕಾಯಿ ಅಂದ್ಯಂತ. ಹೌದ ಅಲ್ಲ?"

ಇಲ್ಲವೆನ್ನುತ್ತಾಳೆ ಎಂದುಕೊಂಡಿದ್ದೆ.

"ಅಂದೇನ್ರಿ. ನುಂಗಾಕ ಬರಂಗಿಲ್ಲ ಅಂತ ಅಕ್ಕೋರು ಮೊನ್ನೆ ಹೇಳಿದ್ರು."

"ಅವರು ಮೊದಲ ಹೇಳಿದ್ರ ಅಂತಿದ್ದಿಲ್ಲೇನು?"

"ಮೊದಲ ಹೇಳಿದ್ರ, ನಿಮ್ಮ ಕಾಲು ಹಿಡಕೊಂಡು ಆವಾಗ ಲೀಜ್ ಮಾಡಿಸಿಕೊಂತಿದ್ನಿ. ಬಾಯಿ ಮುಚ್ಚಿಕೊಂಡಿರತಿದ್ನಿ."

ವೆಂಕೂಬಾಯಿ ಒಂದು ಬತ್ತಿಯನ್ನು ಮುಗಿಸಿ ತಟ್ಟೆಗೆ ಹಾಕಿದರು. "ಗುತ್ತಲದ ಹೊಲಕ್ಕ ನಮ್ಮನಿಯವರು ಕಾಲಿಟ್ಟದ್ದು ಎಷ್ಟು ಸಲ ಅಂತ ಬೆರಳ ಮ್ಯಾಲ ಎಣಸಬಹುದು. ಹೋದದ್ದು ನ್ಯಾಯನ ಅಂತ ಅವರ ಅಂದ್ರು. ನಾ ಅನ್ನಲಿಲ್ಲ. ಆ ಜೋಳದ ಮ್ಯಾಲ ನಮ್ಮನಿ ವರ್ಷ ಕಳೀತಿತ್ತು. ಈಗ ಇದೊಂದ ಉಳದದ. ನೀ ಬಿಟ್ಟು ಹೋಗು. ಗೋಡಿನೂ ನನಗ ಬರ್ತಾವ, ಕರಾರಿನ್ಯಾಗ ಅದ."

"ಬರ್ತಾವ್ರಿ. ಒಳಗ ಯಾರ್ನ ಇಡ್ತೀರಿ?"

"ಯಾರರ ಬರ್ತಾರ."

"ಬಂದಾಂವ ಎಂಥಾಂವೋ ಏನೋ. ಬಾಡಿಗಿ ಕೊಡದಿದ್ರ ವಸೂಲಿಗೆ ನೀವು ರಾಣೆಬೆನ್ನೂರಿಗೆ ಬರ್ತೀರೇನು, ಈ ಮೊಣಕಾಲ ತಗೊಂಡು? ನಾ ಆಸೆಬುರುಕಿ ಖರೇ. ಊರಿಗೆಲ್ಲಾ ಗೊತ್ತೈತಿ, ಈ ಅಕ್ಕೋರನ್ನ ಕೇಳ್ರಿ. ಆದ್ರ ಪಾಡ್ಯೇದ ನೆಲಬಾಡಿಗಿ ಒಂದು ವರ್ಷಾನೂ ತಪ್ಪಿಸಿಲ್ಲ. ಗೊತ್ತಿಲ್ಲದ ಸಂಭಾವಿತಗಿಂತ ಗೊತ್ತಿರೂ ಕಳ್ಳಿ ಚಲೋ ಅಲ್ಲೇನ್ರಿ?"

ವೆಂಕೂಬಾಯಿ ನನ್ನ ಕಡೆ ತಿರುಗಿದರು. "ಈಕಿ ಹೇಳೂದು ಖರೇ ಏನು?"

"ಎರಡೂ ಖರೇ," ಎಂದೆ.

ಆಮೇಲಿನದು ವ್ಯವಹಾರ. ಲೀಜು ಮತ್ತೆ ಮೂವತ್ತು ವರ್ಷಕ್ಕೆ. ಮೂವತ್ತು ದಾಟಿದರೆ ನೋಂದಣಿಯ ಖರ್ಚು ಖರೀದಿಯಷ್ಟೇ ಆಗುತ್ತದೆಂದು ವಕೀಲರು ಹೇಳಿದ್ದರು. ಮುಂದುವರಿಸುವುದಕ್ಕೆ ಒಂದು ಮೊತ್ತ, ಎರಡು ಕಂತಿನಲ್ಲಿ. ನೆಲಬಾಡಿಗೆ ಐದು ವರ್ಷಕ್ಕೊಮ್ಮೆ ಏರುತ್ತದೆ. ನೆಲದ ಒಡೆತನ ದೇಶಪಾಂಡೆಯವರದೇ, ಚೌಡವ್ವನಾಗಲಿ ಅವಳ ವಾರಸುದಾರರಾಗಲಿ ಎಂದೂ ಅದರ ಮೇಲೆ ಹಕ್ಕು ಹೇಳಕೂಡದು ಎಂದು ಮೊದಲ ಸಾಲಿನಲ್ಲೇ ಬರೆಯಬೇಕು. ಚೌಡವ್ವ ಮೊತ್ತಕ್ಕೆ ಒಂದು ತಾಸು ಎಳೆದಾಡಿದಳು, ಉಳಿದದ್ದಕ್ಕೆ ಒಪ್ಪಿದಳು.

"ಇದು ತೀರೂದ್ರಾಗ ನಾ ಇರೂದಿಲ್ಲ, ನೀನೂ ಇರೂದಿಲ್ಲ," ಎಂದರು ವೆಂಕೂಬಾಯಿ.

"ಹಂಗಾದ್ರ ಜಗಳ ಇಲ್ಲಲ್ರಿ."

ಹೊರಡುವಾಗ ಅವರೇ ಇನ್ನೊಂದು ಮಾತು ತೆಗೆದರು. "ಮುಂದ ಒಬ್ಬ ಹೊಲಿಗಿಯಾಂವ ಕೂತಾನಂತಲ್ಲ. ಅವಗ ನಾ ಏನೂ ಬರದು ಕೊಟ್ಟಿಲ್ಲ. ಇಡೀ ಜಾಗಾ ರಸ್ತಾದ ತನಕಾ ನಿನ್ನ ಹೆಸರಿಗೆ ಇರಲಿ. ಅವನ್ನ ಇಡೂದು ಎಬ್ಬಿಸೂದು ನಿನಗ ಬಿಟ್ಟದ್ದು."

ಚೌಡವ್ವ ತಲೆಯಾಡಿಸಿದಳು. ಬಸ್ಸಿನಲ್ಲಿ ಮೋಟೆಬೆನ್ನೂರು ದಾಟುವವರೆಗೂ ಅವಳ ಮಾತೆಲ್ಲ ಅದೇ ಆಗಿತ್ತು. ತಗಡು ಕಿತ್ತರೆ ರಸ್ತೆಗೆ ನೇರ ಬಾಗಿಲಾಗುತ್ತದೆ, ಎರಡು ಟೇಬಲ್ಲು ಹಿಡಿಯುತ್ತವೆ, ಬೋರ್ಡು ಬಸ್ ನಿಲ್ದಾಣಕ್ಕೆ ಕಾಣುತ್ತದೆ. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು. ನಿದ್ದೆ ಬಂದಿರಬೇಕೆಂದು ನಾನು ಮಾತಾಡಿಸಲಿಲ್ಲ.

ನೋಂದಣಿಯ ದಿನ ವೆಂಕೂಬಾಯಿ ಬಾಡಿಗೆ ಕಾರಿನಲ್ಲಿ ಬಂದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ಬಾಂಡ್ ರೈಟರ್ ಕರಬಸಪ್ಪನ ಅಂಗಡಿ. ಅವನು ಕರಾರನ್ನು ಗಟ್ಟಿಯಾಗಿ ಓದುತ್ತ ಹೋದ. ಕೊನೆಗೆ ಚಕ್ಕಬಂದಿಗೆ, ಎಂದರೆ ಜಾಗದ ನಾಲ್ಕು ಮೇರೆಗಳಿಗೆ ಬಂದ. ಅವನ ಬೆರಳು ಮೊದಲ ಮೇರೆಯ ಮೇಲಿತ್ತು.

"ಪೂರ್ವಕ್ಕ ಸರಕಾರಿ ರಸ್ತೆ."

"ಅದನ್ನ ತಿದ್ರಿ," ಎಂದಳು ಚೌಡವ್ವ. "ಪೂರ್ವಕ್ಕ ದಿಲಾವರನ ಅಂಗಡಿ ಅಂತ ಬರೀರಿ."

ಕರಬಸಪ್ಪ ಕನ್ನಡಕ ಮೇಲೇರಿಸಿದ. "ಹಂಗ ಬರದ್ರ ಆ ಜಾಗಾ ನಿನ್ನ ಲೀಜಿನ್ಯಾಗ ಬರಂಗಿಲ್ಲವ್ವಾ. ನೀ ಕೊಡೂ ರೊಕ್ಕಾ ಏನೂ ಕಡಿಮಿ ಆಗಂಗಿಲ್ಲ."

"ಗೊತ್ತೈತಿ."

"ಆತ ನಿನಗ ಏನರ ಕೊಟ್ನೇನು?"

"ಅಂವೇನು ಕೊಡ್ತಾನ. ನನ್ನ ಎರಡು ಕುಬಸಾ ಇಟಗೊಂಡು ಕುಂತಾನ. ಬರೀರಿ."

ಕರಬಸಪ್ಪ ವೆಂಕೂಬಾಯಿಯವರ ಮುಖ ನೋಡಿದ. ಅವರು, "ನೆಲಾ ನಂದು ಅಂತ ಮೊದಲ ಬರದೀರಿ ಹೌದಲ್ಲ? ಹಂಗಾದ್ರ ಪೂರ್ವಕ್ಕ ಯಾರಿದ್ರೂ ನನಗ ಅಷ್ಟ. ಅವನ ಬಾಡಿಗಿ ಇನ್ನ ಮುಂದ ನೆಟ್ಟಗ ನನಗ ಕೊಡಲಿ," ಎಂದರು.

ದಿಲಾವರನಿಗೆ ಇದರಿಂದ ದೊಡ್ಡ ಹಕ್ಕೇನೂ ಬರಲಿಲ್ಲ. ಅವನು ಅಲ್ಲಿದ್ದಾನೆ, ಅವನನ್ನು ಎಬ್ಬಿಸುವ ಅಧಿಕಾರ ಚೌಡವ್ವನಿಗಿಲ್ಲ ಎಂಬ ಅರ್ಥ ಬರುವ ಒಂದು ಸಾಲು ನೋಂದಣಿಯಾದ ಕಾಗದದಲ್ಲಿ ಸೇರಿತು. ಅಂಗಡಿಯಲ್ಲಿ ಕೂತಿದ್ದ ಅವನಿಗೆ ಆ ಹೊತ್ತಿನಲ್ಲಿ ಇದು ಗೊತ್ತೂ ಇರಲಿಲ್ಲ.

ಪುಟವನ್ನು ಮತ್ತೆ ಟೈಪು ಮಾಡಬೇಕಾಯಿತು. ಅದಕ್ಕೆ ಬೇರೆ ಖರ್ಚಾಗುತ್ತದೆಂದ ಕರಬಸಪ್ಪ. ಚೌಡವ್ವ ಸೊಂಟದ ಚೀಲ ಬಿಚ್ಚಿ, ಅವನು ಕೇಳಿದಷ್ಟನ್ನೂ ಚೌಕಾಸಿಯಿಲ್ಲದೆ ಕೊಟ್ಟಳು.