ವಾಪಸ್ ಕೊಡಬೇಕಿಲ್ಲದ ಪುಸ್ತಕಗಳು

ನಮ್ಮತ್ತೆಗೆ ಬೇರೆಯವರ ವಸ್ತು ಮನೆಯಲ್ಲಿದ್ದರೆ ಅನ್ನ ಸೇರುತ್ತಿರಲಿಲ್ಲ. ಪಕ್ಕದ ಮನೆಯಿಂದ ತಂದ ಜರಡಿ ಅಡಿಗೆ ಮುಗಿಯುವ ಮುಂಚೆಯೇ ವಾಪಸ್ ಹೋಗಬೇಕು. ಅದೂ ಬರಿದೇ ಹೋಗುವಂತಿಲ್ಲ. ಜೊತೆಗೆ ಒಂದು ಉಂಡೆ ಬೆಲ್ಲವೋ, ನಾಲ್ಕು ಹಸಿಮೆಣಸಿನಕಾಯಿಯೋ, ಒಂದು ಹಿಡಿ ಕರಿಬೇವೋ ಇರಲೇಬೇಕು. ಮದುವೆಯಾಗಿ ಜಗಳೂರಿನಿಂದ ಹೊನ್ನಾಳಿಗೆ ಬಂದ ಹೊಸದರಲ್ಲಿ ಇದೆಂಥ ಹುಚ್ಚಪ್ಪಾ ಅನ್ನಿಸಿತ್ತು. ಆಮೇಲೆ ಆ ಹುಚ್ಚಿನಿಂದಲೇ ನಾನು ಬದುಕಿಕೊಂಡೆ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಜಗಳೂರಿನಲ್ಲಿ ನಾನು ಊರೆಲ್ಲ ಅಲೆದವಳು. ನೀರಿಗೆ, ಹಿಟ್ಟಿನ ಗಿರಣಿಗೆ, ಗೆಳತಿಯರ ಮನೆಗೆ ಯಾರನ್ನೂ ಕೇಳದೆ ಹೋಗುತ್ತಿದ್ದೆ. ಹೊನ್ನಾಳಿಯ ಮನೆಯಲ್ಲಿ ನೀರು ಹಿತ್ತಲಿಗೇ ಬರುತ್ತಿತ್ತು. ಗಿರಣಿಗೆ ಆಳು ಹೋಗುತ್ತಿದ್ದ, ಸಂತೆಗೆ ಯಜಮಾನರು. "ನಿಂಗೇನು ಕಮ್ಮಿ ಆಗೈತೆ ಹೊರಗೆ ಹೋಗಾಕೆ?" ಎಂದು ಅತ್ತೆ ಕೇಳುತ್ತಿದ್ದರು. ಚುಚ್ಚಿ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ನನಗೋ ಹೊಸ್ತಿಲು ದಾಟದೆ ತಲೆ ಕೆಟ್ಟುಹೋಗುತ್ತಿತ್ತು. ಕಿಟಕಿ ಹತ್ತಿರ ಕೂತು ಅಕ್ಕಿ ಆರಿಸುವಾಗ ಬೀದಿಯಲ್ಲಿ ಹೋಗುವ ಎಮ್ಮೆಯನ್ನು ಕಂಡರೂ ಹೊಟ್ಟೆಕಿಚ್ಚಾಗುತ್ತಿತ್ತು.

ಎರಡು ಬೀದಿ ಆಚೆ ಅಕ್ಕೋರ ಮನೆ. ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ನಾವು ಅಕ್ಕೋರು ಎನ್ನುವುದು. ಇವರು ಚನ್ನಗಿರಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ, ಹೊನ್ನಾಳಿಯಲ್ಲಿದ್ದ ತಂದೆಯ ಮನೆಗೆ ಬಂದು ಒಬ್ಬರೇ ಇದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಒಂದು ದಿನ ನಮ್ಮ ಮನೆಗೆ ಬಂದಾಗ, ನಾನು ಅಂಗಡಿಯವರು ಇಂಗು ಕಟ್ಟಿಕೊಟ್ಟಿದ್ದ ಕಾಗದವನ್ನು ಬಿಡಿಸಿ ಓದುತ್ತಿದ್ದುದನ್ನು ಕಂಡರು. ಸಂಜೆಗೆ ಒಂದು ಕಾದಂಬರಿ ಕಳಿಸಿಕೊಟ್ಟರು. ಓದಿ ಮುಗಿಸಿದ್ದೇ ತಡ, ಅತ್ತೆ ಶುರು ಮಾಡಿದರು. "ಮಂದಿ ಸಾಮಾನು ಮನ್ಯಾಗಿಟ್ಕಂಡ್ರೆ ನಿದ್ದೆ ಹೆಂಗೆ ಬರ್ತೈತೆ? ಮೊದ್ಲು ಕೊಟ್ಟು ಬಾ." ಪುಸ್ತಕವೆಂದರೆ ಆಳಿನ ಕೈಗೆ ಕೊಡುವ ವಸ್ತುವಲ್ಲ, ಹರಿದರೆ ಏನು ಗತಿ ಎಂದು ನನ್ನನ್ನೇ ಕಳಿಸಿದರು. ಚಟ್ನಿಪುಡಿಯ ಪೊಟ್ಟಣ ಜೊತೆಗೆ. ನಾನು ಪೊಟ್ಟಣ ಕೊಟ್ಟು, ಪುಸ್ತಕ ಕೊಟ್ಟು, ಇನ್ನೊಂದು ಪುಸ್ತಕ ಇಸಕೊಂಡು ಬಂದೆ. ಅಂದಮೇಲೆ ಅದನ್ನೂ ವಾಪಸ್ ಕೊಡಲೇಬೇಕಲ್ಲ! ಅಲ್ಲಿಂದ ಗುರುವಾರ ಗುರುವಾರ ಹೊರಗೆ ಹೋಗುವುದು ನನ್ನ ಪಾಲಿಗೆ ಬಂತು. ಏನು ಕಳೆದರೂ ಅದೊಂದನ್ನು ಕಳೆದುಕೊಳ್ಳಬಾರದು ಎಂದುಕೊಂಡಿದ್ದೆ.

ಅಕ್ಕೋರ ಪಡಸಾಲೆಯಲ್ಲಿ ಗೋಡೆ ತುಂಬ ಪುಸ್ತಕ. ಕೇಳಿದವರಿಗೆಲ್ಲ ಓದಲು ಕೊಡುತ್ತಿದ್ದರು, ವಾಪಸ್ ತಂದುಕೊಟ್ಟರೆ ಸಾಕು. ಊರಿನವರು ಅದನ್ನು ಅಕ್ಕೋರ ಲೈಬ್ರರಿ ಎನ್ನುತ್ತಿದ್ದರು. ಆ ಮಾತಿಗೆ ಅರ್ಥವೇನೆಂದು ಒಮ್ಮೆ ಸುಮ್ಮನೆ ಕೇಳಿದೆ. ಅವರ ಮುಖ ಅರಳಿಬಿಟ್ಟಿತು. ಮೈಸೂರಿನಲ್ಲಿ ಕಾಲೇಜು ಓದುವಾಗ ಫ್ರೆಂಚ್ ಕಲಿತವರು. ಚನ್ನಗಿರಿಯಲ್ಲಾಗಲಿ ಹೊನ್ನಾಳಿಯಲ್ಲಾಗಲಿ ಅದನ್ನು ಕೇಳುವವರು ಯಾರು? ದಪ್ಪನೆಯ ನಿಘಂಟು ತಂದು ತೊಡೆಯ ಮೇಲಿಟ್ಟುಕೊಂಡು ಕೂತರು.

"ಲ್ಯಾಟಿನ್ ಅಂತ ಹಳೇ ಭಾಷೆ. ಅದ್ರಾಗೆ ಲಿಬೆರ್ ಅಂದ್ರೆ ಮರದ ತೊಗಟೆ ಒಳಗಿನ ಪದರ. ಅದ್ರ ಮ್ಯಾಲೆ ಬರೀತಿದ್ರಂತೆ, ಹಂಗಾಗಿ ಪುಸ್ತಕಕ್ಕೂ ಅದೇ ಹೆಸರಾತು. ಆ ಮಾತಿನ ಸಂತಾನ ಇದು. ಇಂಗ್ಲಿಷಿನೋರಿಗೆ ಲೈಬ್ರರಿ ಅಂದ್ರೆ ಒಯ್ದು, ಓದಿ, ವಾಪಸ್ ತಂದ್ಕೊಡೋ ಜಾಗ. ಅದನ್ನೇ ಫ್ರೆಂಚಿನೋರು ಲಿಬ್ರೆರಿ ಅಂತಾರೆ. ಅವರಿಗದು ಪುಸ್ತಕ ಮಾರೋ ಅಂಗಡಿ. ಇಟಲಿಯೋರು ಲಿಬ್ರೆರಿಯಾ ಅಂತಾರೆ, ಅಂಗಡಿಗೂ ಅದೇ, ಮನ್ಯಾಗಿರೋ ಪುಸ್ತಕದ ಕಪಾಟಿಗೂ ಅದೇ."

"ಒಂದೇ ಮಾತು, ಇಷ್ಟು ಥರ ಹೆಂಗಾತ್ರೀ?"

"ಒಬ್ಬಳೇ ತಾಯಿ ಮಕ್ಳು ಬ್ಯಾರೆ ಬ್ಯಾರೆ ಮನಿಗೆ ಸೊಸೇರಾಗಿ ಹೋದಂಗೆ ಕಣವ್ವಾ. ಯಾವ ಮನಿಗೆ ಹೋದ್ರೆ ಆ ಮನಿ ರೀತಿ."

ನನಗೆ ಆ ಫ್ರೆಂಚಿನ ಹೆಂಗಸರ ಚಿಂತೆ ಹತ್ತಿತು. "ಹಂಗಾದ್ರೆ ಅಲ್ಲಿ ಹೆಣ್ಮಕ್ಳು ಪುಸ್ತಕ ವಾಪಸ್ ಕೊಡಾಕೆ ಎಲ್ಲಿಗೆ ಹೋಗ್ತಾರ್ರೀ?"

"ಅಂಥ ಜಾಗಕ್ಕೆ ಅವರತ್ರ ಬ್ಯಾರೆ ಮಾತೈತೆ. ಗ್ರೀಕರಿಂದ ಇಸ್ಕಂಡಿದ್ದು."

"ಅದನ್ನ ಗ್ರೀಕರಿಗೆ ವಾಪಸ್ ಕೊಟ್ರಂತೋ ಇಲ್ವೋ? ನಮ್ಮತ್ತೆ ಇದ್ದಿದ್ರೆ ಬಿಡ್ತಿರಲಿಲ್ಲ."

ಅಕ್ಕೋರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನೂ ನಕ್ಕೆ. ಹೋಗುವುದಕ್ಕೆ ಒಂದು ಜಾಗ ಬೇಕಲ್ಲ ಎಂದು ನಾನು ನಿಜವಾಗಿ ಕೇಳಿದ್ದೆ, ಅದು ನಗುವಿನಲ್ಲಿ ಹೋಯಿತು.

ನನಗಿದ್ದ ಹೊತ್ತು ಬಹಳ ಕಡಿಮೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಹೊರಟರೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬೇಕು. ದಾರಿಯಲ್ಲಿ ಕಳೆದದ್ದು ಅಕ್ಕೋರ ಹತ್ತಿರ ಕಳೆಯುವ ಹೊತ್ತಿನಲ್ಲಿ ಕಮ್ಮಿಯಾಗುತ್ತಿತ್ತು. ಅದಕ್ಕೇ ತಿರುವು ದಾಟಿದ ಕೂಡಲೇ ಸೀರೆಯ ನೆರಿಗೆ ಎತ್ತಿ ಹಿಡಿದು ಓಡುತ್ತಿದ್ದೆ. ಏದುಸಿರು ಬಿಡುತ್ತಾ ಹೋಗಿ ಕೂತರೆ ಅಕ್ಕೋರು ನೀರು ಕೊಟ್ಟು, ಕಾಫಿಗಿಟ್ಟು, "ಪಾಪ, ಬಿಸಿಲಾಗೆ ಎಷ್ಟು ಓಡಿಸ್ತಾರೆ ನಿಮ್ಮತ್ತೆ" ಎನ್ನುತ್ತಿದ್ದರು. ನಾನಾಗಿಯೇ ಓಡಿ ಬಂದದ್ದೆಂದು ನಾನು ಹೇಳಲಿಲ್ಲ. ಅನುಕಂಪವೂ ಆ ಕಾಫಿಯ ಜೊತೆ ರುಚಿಯಾಗಿಯೇ ಇತ್ತು. ಪುಸ್ತಕದ ಮಾತು ಅಷ್ಟಕ್ಕಷ್ಟೆ. ಜಗಳೂರಿನ ಗಾಳಿ, ನನ್ನವ್ವನ ಸಿಟ್ಟು, ಅಕ್ಕೋರು ಮದುವೆ ಬೇಡವೆಂದು ಹಟ ಹಿಡಿದದ್ದು, ಇವೇ ನಮ್ಮ ಮಾತು. ಹೊನ್ನಾಳಿಯಲ್ಲಿ ನನ್ನನ್ನು ಸೊಸೆ ಎಂದು ನೋಡದೆ ಮಾತಾಡಿಸಿದವರು ಅವರೊಬ್ಬರೇ. ಬೇಗ ಮುಗಿಸಿದರೆ ಬೇಗ ಹೋಗಬಹುದೆಂದು ಎಷ್ಟೋ ಕಾದಂಬರಿಗಳ ನಡುವಿನ ಹಾಳೆಗಳನ್ನು ಹಾರಿಸಿಬಿಟ್ಟಿದ್ದೇನೆ. ಅಕ್ಕೋರು ನನ್ನನ್ನು ಭಾರೀ ಓದುವವಳು ಎಂದು ತಿಳಿದಿದ್ದರು.

ನಾನು ಬಸುರಿಯಾದೆ. ಆಗಲೂ ಓಡುವುದನ್ನು ಬಿಡಲಿಲ್ಲ. ಒಂದು ಗುರುವಾರ ಹೋದಾಗ ಪಡಸಾಲೆಯಲ್ಲಿ ಒಂದು ಗಂಟು ಸಿದ್ಧವಾಗಿತ್ತು. ತಮ್ಮದೇ ಹಳೆಯ ಮೆತ್ತನೆಯ ಸೀರೆಯಲ್ಲಿ ಕಟ್ಟಿದ್ದರು. ನಾನು ಇಷ್ಟವೆಂದು ಹೇಳಿದ್ದವು, ಇನ್ನೂ ಓದದೆ ಉಳಿದವು, ಎಲ್ಲ ಅದರಲ್ಲಿದ್ದವು.

"ಇವು ನಿನ್ನವು. ವಾಪಸ್ ಕೊಡಂಗಿಲ್ಲ. ಈ ಸ್ಥಿತ್ಯಾಗೆ ಬಿಸಿಲಾಗೆ ಓಡಬ್ಯಾಡ ನೀನು. ಇನ್ಮೇಲೆ ನಿಂದು ಇಟಲಿಯೋರ ಲೈಬ್ರರಿ, ಮನ್ಯಾಗೇ ಇರ್ತೈತೆ. ಆರಾಮಾಗಿ ಕುಂತು ಓದು."

ಬೇಡ್ರೀ, ಎರವಲೇ ಕೊಡ್ರಿ ಎಂದು ಬಾಯಿ ತನಕ ಬಂತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಹಿಗ್ಗುವುದನ್ನು ಕಾಯುತ್ತಿದ್ದರು. ಅಷ್ಟು ಪ್ರೀತಿಯಿಂದ ಗಂಟು ಕಟ್ಟಿದವರಿಗೆ ಬೇಡವೆನ್ನುವುದು ಹೇಗೆ? "ಎಷ್ಟು ಒಳ್ಳೇರ್ರೀ ನೀವು" ಎಂದೆ. ಗಂಟನ್ನು ಅವರ ಮನೆಗೆಲಸದವಳು ಹೊತ್ತು ತಂದಳು. ಅವಳ ಹಿಂದೆ ನಾನು ನಿಧಾನಕ್ಕೆ ನಡೆದು ಬಂದೆ.

"ಇಷ್ಟನ್ನೂ ಯಾವಾಗ ವಾಪಸ್ ಕೊಡಬೇಕು?" ಎಂದು ಅತ್ತೆ ಗಾಬರಿಯಾದರು.

"ಕೊಡೋದು ಬ್ಯಾಡಂತೆ. ನಂಗೇ ಕೊಟ್ರು."

"ಪುಣ್ಯಾತ್ಗಿತ್ತಿ. ಬಿಸಿಲಾಗೆ ಅಡ್ಡಾಡೋದು ತಪ್ತು ಬಿಡು ನಿಂಗೆ" ಎಂದರು. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. ಯಜಮಾನರಿಗೆ ಹೇಳಿ ಒಳಮನೆಯ ಗೋಡೆಗೆ ಹಲಗೆ ಹೊಡೆಸಿದರು. ಮರುದಿನ ಒಂದು ಡಬ್ಬಿ ತುಂಬ ಕರ್ಜಿಕಾಯಿ ಮಾಡಿ ಆಳಿನ ಕೈಯಲ್ಲಿ ಅಕ್ಕೋರಿಗೆ ಕಳಿಸಿದರು. ಡಬ್ಬಿಯನ್ನು ನಾನು ಒಯ್ಯುತ್ತೇನೆ ಎಂದರೆ, ಬಸುರಿ ಹೊರುವುದು ಬೇಡವೆಂದರು. ಅಲ್ಲಿಗೆ ಎಲ್ಲ ಚುಕ್ತಾ ಆಯಿತು.

ಒಂದೆರಡು ವಾರ ಬಿಟ್ಟು, ಅಕ್ಕೋರ ಮನೆಗೆ ಹೋಗಿಬರ್ತೀನಿ ಎಂದೆ. "ಏನಾದ್ರೂ ಕೊಡಾದೈತಾ?" ಎಂದರು ಅತ್ತೆ. ಇಲ್ಲ ಎಂದೆ. "ತರಾದೈತಾ?" ಇಲ್ಲ ಎಂದೆ. "ಮತ್ತೆ?" ಎಂದರು. ನಾನು ಹೊರಡದೆ ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತೆ. ನನ್ನ ಬಾಯಿಗೇನು ಹುಣ್ಣಾಗಿತ್ತೋ! ಮಾತಾಡಿ ಬರ್ತೀನಿ ಎಂದಿದ್ದರೆ ಅವರೇನು ಹೊಡೆಯುತ್ತಿದ್ದರೇ? ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಉಕ್ಕುತ್ತದೆ. ಆಗ ಮಾತ್ರ ಸಿಟ್ಟನ್ನೆಲ್ಲ ಪುಸ್ತಕಗಳ ಮೇಲೆ ತೀರಿಸಿಕೊಂಡೆ. ಹಲಗೆಯಿಂದ ಒಂದನ್ನೂ ತೆಗೆಯಲಿಲ್ಲ. ಅತ್ತೆಯೇ ಅವುಗಳ ಧೂಳು ಒರೆಸುತ್ತಿದ್ದರು.

ಮಗು ಹುಟ್ಟಿತು. ಜಗಳೂರಿನಲ್ಲಿ ಬಾಣಂತನ ಮುಗಿಸಿ ಬಂದೆ. ಮಗು ಗೋಡೆ ಹಿಡಿದು ನಿಲ್ಲುವ ಹೊತ್ತಿಗೆ ಒಂದು ದಿನ ಅಕ್ಕೋರು ನಮ್ಮ ಮನೆಗೆ ಬಂದರು. ಒಬ್ಬರೇ ಇರುವುದು ಇನ್ನು ಕಷ್ಟ, ನ್ಯಾಮತಿಯಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇನೆ, ಹೇಳಿಹೋಗೋಣವೆಂದು ಬಂದೆ ಎಂದರು. ಸೊರಗಿದ್ದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಲಗೆಯ ಕಡೆ ನೋಡಿದರು. ಅತ್ತೆ ಕಾಫಿ ಮಾಡಲು ಒಳಗೆ ಹೋದರು.

"ಎಲ್ಲ ಓದಿದ್ಯಾ?"

"ಓದಿದೆ ರೀ" ಎಂದು ಸುಳ್ಳು ಹೇಳಿದೆ.

ಅವರು ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ಪುಸ್ತಕ ಕೊಟ್ಟ ಮ್ಯಾಲೂ ಗುರುವಾರ ಬಂದ್ರೆ ಎರಡು ಲೋಟ ಕಾಫಿಗೆ ಇಡ್ತಿದ್ದೆ ಕಣವ್ವಾ. ಬರ್ತೀಯೇನೋ ಅಂತ. ಸುಮಾರು ದಿನ ಇಟ್ಟೆ, ಆಮ್ಯಾಲೆ ಬಿಟ್ಟೆ. ನಂದೇ ಹುಚ್ಚು. ನೀ ಬರ್ತಿದ್ದದ್ದು ಪುಸ್ತಕಕ್ಕೆ, ಅಲ್ವಾ?"

ಅಷ್ಟರಲ್ಲಿ ಅತ್ತೆ ಕಾಫಿ ತಂದು ನನ್ನ ಪಕ್ಕದಲ್ಲೇ ನಿಂತರು. ನಿಮಗೋಸ್ಕರ ಬರ್ತಿದ್ದೆ ಎಂದು ಅವರೆದುರಿಗೆ ಹೇಳಿದರೆ, ಅಷ್ಟು ದಿನದ ಕೊಡುವುದು ತರುವುದೆಲ್ಲ ಒಂದು ನೆವ ಎಂದು ಒಪ್ಪಿಕೊಂಡಂತೆ. ಅಕ್ಕೋರು ನನ್ನನ್ನೇ ನೋಡುತ್ತಿದ್ದರು.

"ಹೌದ್ರೀ ಅಕ್ಕೋರೇ" ಎಂದೆ.

ಅವರು ತಲೆ ಆಡಿಸಿ, ಮಗುವನ್ನು ನನ್ನ ಕೈಗೆ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಕಾಫಿ ಕುಡಿಯಲಿಲ್ಲ.