ಊರ ಮುದುಕಿಯರ ಕೈಯ ನೀರು

ನಮ್ಮವರು ನೀರು ಕುಡಿಯುವಾಗ ತಂಬಿಗೆ ತುಟಿಗೆ ತಾಗುತ್ತಿರಲಿಲ್ಲ. ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಒಂದು ಗೇಣು ಮೇಲಿನಿಂದ ಧಾರೆ ಬಿಟ್ಟುಕೊಳ್ಳುತ್ತಿದ್ದರು. ಆ ಉದ್ದ ಕತ್ತಿನ ಗಂಟಲಮಣಿ ಗುಟುಕಿಗೊಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಕೊನೆಗೆ ಒಂದೆರಡು ಹನಿ ಅಂಗಿಯ ಕಾಲರಿನ ಮೇಲೆ ಬೀಳಲೇಬೇಕು; ಅದನ್ನು ಎಡಗೈಯಿಂದ ಒರೆಸಿಕೊಂಡು ‘ಹಾಂ’ ಅನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅದನ್ನು ನೋಡುತ್ತಿದ್ದೆ. ನನ್ನ ಪಾಲಿಗೆ ಇದ್ದದ್ದು ನೋಡುವುದಷ್ಟೇ. ಯಾಕೆಂದರೆ ಮನೆಯಲ್ಲಿ ಅವರು ನೀರನ್ನು ಯಾರನ್ನೂ ಕೇಳುತ್ತಿರಲಿಲ್ಲ, ತಾವೇ ಗಡಿಗೆಯ ಹತ್ತಿರ ಹೋಗಿ ತುಂಬಿಕೊಳ್ಳುತ್ತಿದ್ದರು. ಕೇಳುತ್ತಿದ್ದದ್ದು ಊರ ಮುದುಕಿಯರನ್ನು.

ಇದು ನಾವು ಬ್ಯಾಡಗಿಯಲ್ಲಿದ್ದ ಕಾಲದ ಮಾತು. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ, ಹುಕುಮುಗಳೆಲ್ಲ ಧಾರವಾಡದಿಂದ ಬರುತ್ತಿದ್ದವು. ನಮ್ಮವರು ಸರ್ಕಾರಿ ಕಚೇರಿಯಲ್ಲಿ ವಿಧವಾ ವೇತನ, ವೃದ್ಧಾಪ್ಯ ವೇತನಗಳನ್ನು ನೋಡಿಕೊಳ್ಳುವ ಗುಮಾಸ್ತರು. ಹಳ್ಳಿಗಳಿಂದ ಸತ್ತವರ ಯಾದಿ ಬರುತ್ತಿತ್ತು. ಅದನ್ನೂ ವೇತನದ ಯಾದಿಯನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಇದ್ದ ಹೆಸರಿಗೆ ಗೀಟು ಎಳೆದು, ಅವರ ವೇತನ ನಿಲ್ಲಿಸಬೇಕು. ಸಾವು ಬರೆದುಕೊಳ್ಳುವ ಇಲಾಖೆ, ವೇತನ ಕೊಡುವ ಇಲಾಖೆ ಎರಡೂ ಕೂಡಿ ಮಾಡಿಕೊಂಡ ಕರಾರು ಇಷ್ಟೇ. ಬೇರೆಯವರು ಚಹಾ ಕುಡಿಯುತ್ತ ಮುಗಿಸಿಬಿಡುವ ಈ ಕೆಲಸಕ್ಕೆ ನಮ್ಮವರು ರವಿವಾರ ರಜೆಯ ದಿನ ಸೈಕಲ್ ಹತ್ತುತ್ತಿದ್ದರು. ಹೋಗಿ ಕಣ್ಣಾರೆ ನೋಡದೆ ಗೀಟು ಎಳೆಯುವವರಲ್ಲ. “ಎರಡು ಯಾದಿ ಕೂಡಿದ್ರ ಸಂಶಯ ಹುಟ್ಟತೈತಿ, ಸತ್ಯ ಹುಟ್ಟೂದಿಲ್ಲ,” ಅನ್ನುವುದು ಅವರ ಮಾತು. ಕಚೇರಿಯಲ್ಲಷ್ಟೇ ಅಲ್ಲ, ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ಅತ್ತೆ ನನ್ನ ಕಡೆ ನೋಡಿದಾಗಲೂ ಅದನ್ನೇ ಹೇಳಿ ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದರು.

ಹೋಗಿ ನೋಡುವುದೇನೋ ಸರಿ, ಕೇಳುವುದು ಹೇಗೆ? ಒಬ್ಬರ ಹೊಸ್ತಿಲಲ್ಲಿ ನಿಂತು ‘ನಿಮ್ಮ ಅವ್ವ ಇದ್ದಾಳೋ ಹೋದಳೋ’ ಅಂದರೆ ಕಸಬರಿಗೆ ಹಿಡಿದು ಬರುತ್ತಾರೆ. ಅದಲ್ಲದೆ ಅವ್ವ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ‘ಅದಾಳ್ರಿ, ಹೊಲಕ್ಕ ಹೋಗ್ಯಾಳ’ ಅನ್ನುವ ಮಕ್ಕಳೂ ಇದ್ದರು. ಅದಕ್ಕೇ ನಮ್ಮವರು ಕಟ್ಟೆಯ ಮೇಲೆ ಕೂತು, ಬಿಸಿಲು ಭಾಳ ಆಗೈತಿ, ಅವ್ವನ ಕೈಲೆ ಒಂದು ತಂಬಿಗೆ ನೀರು ಕೊಡಸ್ರಿ ಅನ್ನುತ್ತಿದ್ದರು. ಮುದುಕಿ ತಾನೇ ನೀರು ತಂದಳೋ, ಲೆಕ್ಕ ಚುಕ್ತಾ. ಹಾಸಿಗೆ ಹಿಡಿದವಳಾದರೆ ಒಳಗೆ ಹೋಗಿ, ಅವಳ ಕೈ ತಂಬಿಗೆಗೆ ಮುಟ್ಟಿಸಿಕೊಂಡು ಕುಡಿದು ಬರುತ್ತಿದ್ದರು. ಯಾವ ಓಣಿ, ಯಾವ ಕೇರಿ ಅಂತ ನೋಡುತ್ತಿರಲಿಲ್ಲ. ಅತ್ತೆಗೆ ಇದು ಗೊತ್ತಾದ ಮೇಲೆ ರವಿವಾರ ಸಂಜೆ ಹಿತ್ತಲಲ್ಲಿ ಸ್ನಾನ ಮಾಡಿಸದೆ ಮಗನನ್ನು ಒಳಗೆ ಬಿಡುತ್ತಿರಲಿಲ್ಲ. ಅವರೂ ತಕರಾರಿಲ್ಲದೆ ಎರಡು ತಂಬಿಗೆ ಸುರಿದುಕೊಂಡು ಒಳಗೆ ಬಂದು, ಮುಂದಿನ ರವಿವಾರ ಮತ್ತೆ ಅದೇ ಕೇರಿಗೆ ಹೋಗುತ್ತಿದ್ದರು.

ಅತ್ತೆಗೆ ಮಡಿಯ ಚಿಂತೆ, ನನಗೆ ಹೊಟ್ಟೆಕಿಚ್ಚು. ತಾಲೂಕಿನ ಮುದುಕಿಯರಿಗೆಲ್ಲ ಇವರು ‘ನನ್ನ ಮಗ’. ಕಾಗಿನೆಲೆ ಕಡೆಯವಳೊಬ್ಬಳು ಅವರೆಕಾಯಿ ಕಳಿಸಿದರೆ ಇನ್ನೊಬ್ಬಳು ಸಂತೆಯಲ್ಲಿ ನನ್ನನ್ನು ನಿಲ್ಲಿಸಿ, ನನ್ನ ಮಗಗ ಹೊಟ್ಟಿ ತುಂಬ ಹಾಕತೀ ಇಲ್ಲೋ, ಸೊರಗ್ಯಾನಲ್ಲ ಅಂತ ವಿಚಾರಣೆ ಮಾಡುತ್ತಿದ್ದಳು. ಕಟ್ಟಿಕೊಂಡವಳು ನಾನು, ಹಕ್ಕು ಎಲ್ಲರದೂ. ಅದರ ಮೇಲೆ ಒಂದು ದಿನ ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕಿಡಿ ಹಚ್ಚಿದಳು. “ಕದರಮಂಡಲಗಿ ಹಣಮಪ್ಪನ ವಾರ ಶನಿವಾರ. ನಿಮ್ಮ ಮನಿಯವ್ರು ರವಿವಾರ ರವಿವಾರ ಆ ಕಡೆ ಯಾರ ದರ್ಶನಕ್ಕ ಹೊಂಟಾರ್ರಿ ಅಕ್ಕಾರ?”

ಮೆಣಸಿನಕಾಯಿಯ ಘಾಟು ಅವಳಿಗೆ ಏರಲಿಲ್ಲ, ನನಗೆ ಏರಿತು. ಮುಂದಿನ ರವಿವಾರ ನಾನೂ ಹೊಸ ಸೀರೆ ಉಟ್ಟು, ಹಣಮಪ್ಪಗೆ ಕಾಯಿ ಒಡೆಸಬೇಕು ಅಂತ ಹೇಳಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತೆ.  ನಾನು ಅಂದುಕೊಂಡಂತೆ ಸೈಕಲ್ಲು ಗುಡಿಯ ತನಕ ಹೋಗಲಿಲ್ಲ. ನಡುವೆ ಒಂದು ಹಳ್ಳಿಯ ದಾರಿಗೆ ತಿರುಗಿ, ಬೇವಿನ ಗಿಡದ ಕೆಳಗಿನ ಮನೆಯ ಮುಂದೆ ನಿಂತಿತು. ಒಳಗಿನಿಂದ ಬಂದವಳು ಬೆನ್ನು ಬಾಗಿದ, ಹಣೆ ಬರಿದಾದ ಮುದುಕಿ. ಗಂಗವ್ವ ಅಂತ ಹೆಸರು. ಇವಳೇನಾ ಅಂತ ನಿರಾಳವಾಯಿತು. ಆ ನಿರಾಳ ಅವಳು ಕೈಯಲ್ಲಿ ತುಂಬಿದ ತಂಬಿಗೆ ಹಿಡಿದುಕೊಂಡೇ ಬಂದದ್ದನ್ನು ನೋಡುವ ತನಕ ಮಾತ್ರ ಇತ್ತು. ಸೈಕಲ್ಲಿನ ಸದ್ದು ಕೇಳಿಯೇ ಅವಳಿಗೆ ಗೊತ್ತಾಗಿತ್ತು. ಇವರು ಕತ್ತು ಹಿಂದಕ್ಕೆ ಚೆಲ್ಲಿ ಕುಡಿದು, ಕಾಲರ್ ಒರೆಸಿಕೊಂಡು, ‘ಹಾಂ, ಅದೀರಿ ನೋಡ್ರಿ’ ಅಂದರು, ಜೀವಂತ ಇದ್ದೀರಿ ಅಂತ ಲೆಕ್ಕ ಒಪ್ಪಿಸುವವರ ಹಾಗೆ. ಮುದುಕಿ ನಕ್ಕಳು. ಅವರಿಬ್ಬರ ನಡುವೆ ಅದೊಂದು ಪದ್ಧತಿಯೇ ಆಗಿಹೋಗಿತ್ತು. ನನ್ನ ಸೀರೆಯನ್ನು ಯಾರೂ ನೋಡಲಿಲ್ಲ.

ಗಂಗವ್ವನ ಹೆಸರು ಸತ್ತವರ ಯಾದಿಯಲ್ಲಿ ಬಂದಿತ್ತು. ಅದು ಹೇಗೆ ಬಂತು ಅನ್ನುವುದನ್ನು ನಮ್ಮವರು ಮೊದಲ ಭೇಟಿಯಲ್ಲೇ ಪತ್ತೆ ಹಚ್ಚಿದ್ದರು. ಆ ಊರಲ್ಲಿ ಆ ಮನೆಗೆ ಗಂಗವ್ವನ ಮನೆ ಅಂತಲೇ ಹೆಸರು. ಅವಳ ಸೊಸೆ ಜ್ವರ ಬಂದು ತೀರಿಕೊಂಡಿದ್ದಳು. ಮಗ ದೂರ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು, ಮಣ್ಣು ಕೊಡಲು ಬಂದು ಅಳುತ್ತ ಹೋದ. ಊರು ಕಾಯುವ ವಾಲೀಕಾರ ಹೋಗಿ ‘ಗಂಗವ್ವನ ಮನ್ಯಾಗ ಹೆಣ್ಮಗಳು ತೀರ್ಕೊಂಡಾಳ್ರಿ’ ಅಂತ ವರದಿ ಕೊಟ್ಟ. ಬರೆಯುವವರು ಗಂಗವ್ವ ಅಂತ ಬರೆದುಕೊಂಡರು. ಹೀಗೆ ಕಾಗದದ ಮೇಲೆ ಅತ್ತೆ ಸತ್ತಳು, ಸೊಸೆ ಉಳಿದಳು.

ತಿದ್ದುವುದು ಸುಲಭ ಅಂತ ನಾನೂ ಅಂದುಕೊಂಡೆ. ಗಂಗವ್ವ ಒಂದು ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು: ಸತ್ತವಳು ನಾನಲ್ಲ, ನನ್ನ ಸೊಸೆ. ಹಿಂದಿನ ವಾರಗಳಲ್ಲಿ ಸೊಸೆಯ ಸುದ್ದಿ ಎತ್ತಿದಾಗಲೆಲ್ಲ ಮುದುಕಿ ಮಾತು ತಿರುಗಿಸಿದ್ದಳಂತೆ, ಈ ಸಲ ನಮ್ಮವರು ಅದನ್ನು ಬರೆದುಕೊಂಡೇ ಬಂದಿದ್ದರು. ಓದಿ ಹೇಳಿದಾಗ ಮುದುಕಿಯ ನಗು ಹೋಯಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಒಲ್ಲೆ ತಮ್ಮಾ. ಮನ್ಯಾಗ ಸತ್ತಾಳ, ಊರಾಗ ಸತ್ತಾಳ, ನನ್ನ ಮಗನ ಮುಂದ ಸತ್ತಾಳ. ನಿನ್ನ ಪುಸ್ತಕದಾಗ ಒಂದ ಆಕಿ ಜೀವಂತ ಅದಾಳ. ಅಲ್ಲರ ಇರ್ಲಿ ಬಿಡು. ನನ್ನ ತಗದಹಾಕು.”

ವೇತನ ನಿಲ್ಲುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗನ ಮುಂದೆ ಕೈಯೊಡ್ಡದೆ ಎಲೆ ಅಡಿಕೆ ತಿನ್ನುವ ಅವಳ ಮರ್ಯಾದೆಯೆಲ್ಲ ನಿಂತದ್ದು ಅದರ ಮೇಲೆಯೇ. ಆದರೂ ಒಲ್ಲೆ ಅಂದಳು. ನಮ್ಮವರು ಒತ್ತಾಯ ಮಾಡಲಿಲ್ಲ, ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಅವಳು ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿ ಕುಟ್ಟಿದ ರಂಜಕ ಹಚ್ಚಿ ಕೊಟ್ಟಳು. ಇವರು ಕಣ್ಣಲ್ಲಿ ನೀರು ಬರುವ ತನಕ ತಿಂದು, ಇಂಥಾ ರಂಜಕ ಹುಟ್ಟಿದ ಮೇಲೆ ತಿಂದಿಲ್ಲ ಅಂದರು. ನಾನು ವರ್ಷ ವರ್ಷ ಭರಣಿ ತುಂಬ ರಂಜಕ ಕುಟ್ಟಿ ಇಡುತ್ತಿದ್ದೆ, ಒಂದು ಸಲವೂ ಬಾಯಿ ಬಿಟ್ಟವರಲ್ಲ. ಸೊಸೆಯನ್ನು ಕಳೆದುಕೊಂಡ ಆ ಮುದುಕಿಯ ಮೇಲೆ ನನಗೆ ಮರುಕ ಬರಬೇಕಾಗಿತ್ತು. ಬಂದದ್ದು ಸಿಟ್ಟು.

ಬರುವ ದಾರಿಯಲ್ಲಿ ಕೇಳಿದೆ, ಆಕೆ ಜೀವಂತ ಇದ್ದಾಳೆ ಅಂತಷ್ಟೇ ಬರೆದು ಕೈ ತೊಳೆದುಕೊಳ್ಳಬಾರದೇ, ಸೊಸೆಯ ಸುದ್ದಿ ನಿಮಗ್ಯಾಕೆ ಅಂತ. ಸಾವು ಆದದ್ದಂತೂ ಖರೆ, ಯಾದಿಯಿಂದ ಒಂದು ಹೆಸರು ತೆಗೆದರೆ ಆ ಸಾವು ಯಾರದ್ದು ಅಂತ ಹೇಳಲೇಬೇಕು, ಇಲ್ಲದಿದ್ದರೆ ಬರುವ ವರ್ಷ ಮತ್ತೆ ಮುದುಕಿಯ ಕೊರಳಿಗೇ ಬೀಳುತ್ತದೆ ಅಂದರು. 

ಇತ್ತ ಕಚೇರಿಯ ದೊಡ್ಡ ಸಾಹೇಬರಿಗೆ ಧಾರವಾಡದಿಂದ ತಗಾದೆ. ಗಂಗವ್ವನೊಬ್ಬಳ ಸಲುವಾಗಿ ಇಡೀ ಯಾದಿ ನಿಂತಿತ್ತು. ಸಾಹೇಬರು ನಮ್ಮವರನ್ನು ಕರೆದು, ಎರಡೂ ಕಡೆ ಹೆಸರು ಹೊಂದುತ್ತದೆ, ಸಹಿ ಮಾಡಿ ಕಳಿಸಿ, ಇಲ್ಲವಾದರೆ ನಿಮ್ಮನ್ನು ಬೇರೆ ಕಡೆ ಕಳಿಸಬೇಕಾಗುತ್ತದೆ ಅಂದರಂತೆ. ಇದನ್ನು ನಮ್ಮವರು ನನಗೆ ಹೇಳಲಿಲ್ಲ, ಇನ್ನೊಬ್ಬ ಗುಮಾಸ್ತರ ಹೆಂಡತಿ ಹೇಳಿದಳು. ಅವೊತ್ತು ರಾತ್ರಿ ಊಟಕ್ಕೆ ಬಡಿಸುತ್ತ ನಾನು ಸುಮ್ಮನಿರಲಿಲ್ಲ. ಆ ಮುದುಕಿ ನಿಮಗೆ ಏನು ಮದ್ದು ಹಾಕಿದ್ದಾಳೆ ಅಂತಲೇ ಕೇಳಿದೆ. ಮೊದಲಿನಿಂದ ಹೊಟ್ಟೆಯಲ್ಲಿದ್ದದ್ದೂ ಹೊರಗೆ ಬಂತು.

“ಊರ ಮುದುಕ್ಯಾರ ಕೈಲೆ ನೀರು ಬೇಡಿ ಬೇಡಿ ಕುಡಿತೀರಿ. ಒಂದ ದಿನಾರ ನನ್ನ ಕೇಳೀರೇನು? ನನ್ನ ಕೈ ಏನ್ ಪಾಪ ಮಾಡೈತಿ?”

ಅವರು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ನಾನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಅಂತ ತಿಳಿಯದವರ ಹಾಗೆ.

“ನೀ ಅದೀ ಅಂತ ನನಗ ಗೊತ್ತೈತಲ್ಲ. ನಿನ್ನ ಯಾಕ ಕೇಳ್ಲಿ?”

ಇದೊಂದು ಉತ್ತರವೇ? ನಾನು ಪಾತ್ರೆಗಳನ್ನು ಕುಕ್ಕಿ ಎದ್ದುಹೋದೆ.

ರವಿವಾರ ಮತ್ತೆ ಕ್ಯಾರಿಯರ್ ಮೇಲೆ ಕೂತೆ. ಈ ಸಲ ಹಣಮಪ್ಪನ ಹೆಸರನ್ನೂ ತೆಗೆಯಲಿಲ್ಲ. ಗಂಗವ್ವ ತಂಬಿಗೆ ತಂದಳು, ಇವರು ಕುಡಿದರು, ‘ಅದೀರಿ’ ಅಂದರು. ಕಾಗದವನ್ನು ಹೊರಗೆ ತೆಗೆಯದೆ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು, ಸೊಸೆ ಹೇಗಿದ್ದಳು ಅಂತ ಕೇಳಿದರು. ಮುದುಕಿ ಹೇಳುತ್ತ ಹೋದಳು. ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳಂತೆ, ಅತ್ತೆಯ ತಲೆಗೆ ಎಣ್ಣೆ ಹಚ್ಚದೆ ತಾನು ಬಾಚಿಕೊಳ್ಳುತ್ತಿರಲಿಲ್ಲವಂತೆ. ಅಷ್ಟೂ ಕೇಳಿದ ಮೇಲೆ ನಮ್ಮವರು ಹೇಳಿದ ಮಾತನ್ನು ನಾನು ಮರೆತಿಲ್ಲ.

“ಅವ್ವಾ, ನಿಮ್ಮ ಹೆಸರು ತಗದ್ರ ಆಕಿ ಉಳಿಯೂದಿಲ್ಲ. ಹೋದಳು ಅಂತ ಎಲ್ಲೂ ಬರದಿಲ್ಲಂದ್ರ, ಆಕಿ ಸಲುವಾಗಿ ನೀವು ಅತ್ತದ್ದೂ ಸುಳ್ಳಾಗತೈತಿ. ಆಕಿ ಸಾವು ನೀವು ತಗೊಂಡು ಕುಂತೀರಿ. ಅದು ಆಕಿದು. ಆಕಿಗೆ ಕೊಟ್ಟುಬಿಡ್ರಿ.”

 ಮುದುಕಿ ಸೆರಗಿನೊಳಗಿಂದ ಕೈ ಹೊರಗೆ ತೆಗೆದು, ಹೆಬ್ಬೆಟ್ಟು ಮುಂದೆ ಮಾಡಿದಳು. ಒತ್ತಿದ ಮೇಲೆ ಅತ್ತಳು. ಸೊಸೆ ತೀರಿಕೊಂಡ ದಿನವೂ ಹಾಗೆ ಅತ್ತಿರಲಿಲ್ಲ ಅಂತ ನೆರೆಯವರು ಹೇಳಿದರು. ನಮ್ಮವರು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ನಾನು ಸೈಕಲ್ಲಿನ ಹತ್ತಿರ ನಿಂತಿದ್ದೆ.

ಯಾದಿ ಸರಿಯಾಗಿಯೇ ಹೋಯಿತು, ಆದರೆ ತಡವಾಗಿ ಹೋಯಿತು. ಗಂಗವ್ವನ ವೇತನ ಉಳಿಯಿತು. ನಮ್ಮವರಿಗೆ ರಾಣೆಬೆನ್ನೂರಿಗೆ ವರ್ಗವಾಯಿತು. ಹೂಡಿದ ಸಂಸಾರ ಕಿತ್ತು ಲಾರಿಗೆ ಹೇರುವಾಗ ನಾನು ಆ ಮುದುಕಿಯನ್ನು ಬಾಯಿಗೆ ಬಂದಂತೆ ಬೈದೆ. ಅವರು ಗಡಿಗೆ ಒಡೆಯದ ಹಾಗೆ ಹುಲ್ಲಿನ ನಡುವೆ ಇಡುವುದರಲ್ಲಿ ಮಗ್ನರಾಗಿದ್ದರು. ರಾಣೆಬೆನ್ನೂರಿಗೆ ಹೋದರೂ ಚಾಳಿ ಬಿಡಲಿಲ್ಲ. ಅಲ್ಲಿಯೂ ಹೊಸ ಮುದುಕಿಯರು ಹುಟ್ಟಿಕೊಂಡರು. ಅಲ್ಲಿಯೂ ಮನೆಯ ನೀರನ್ನು ತಾವೇ ತುಂಬಿಕೊಂಡರು.

ಅವರು ಹೋದದ್ದು ಕೆಲಸದಲ್ಲಿದ್ದಾಗಲೇ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಕೊನೆಯ ಗಳಿಗೆಗೆ ಯಾರೋ ಹೂವಿನ ಅಂಗಡಿಯ ಹೆಂಗಸು ಬಾಯಿಗೆ ನೀರು ಬಿಟ್ಟಳಂತೆ. ಅದನ್ನು ಕೇಳಿದಾಗ ನನಗೆ ಮೊದಲು ಆದದ್ದು ಏನು ಅಂತ ಹೇಳಲು ನಾಚಿಕೆಯಿಲ್ಲ. ಅಲ್ಲಿಯೂ ನೀರು ನನ್ನ ಕೈಯದಲ್ಲ ಅನ್ನುವ ಅದೇ ಹೊಟ್ಟೆಕಿಚ್ಚು.

ಆಮೇಲೆ ನಾನು ನಡುಮನೆಯ ಮೂಲೆ ಹಿಡಿದು ಮಲಗಿದೆ. ಬಂದವರು ಅತ್ತರು, ಬುತ್ತಿ ತಂದರು, ಹೋದರು. ಯಾರು ಕರೆದರೂ ಓ ಅನ್ನುತ್ತಿರಲಿಲ್ಲ. ಹಾಗಿರುವಾಗ ಒಂದು ಮಧ್ಯಾಹ್ನ ಗಂಗವ್ವ ಬಂದಳು. ಬೆನ್ನು ಇನ್ನಷ್ಟು ಬಾಗಿತ್ತು. ಯಾರೋ ಬಸ್ಸು ಹತ್ತಿಸಿ ಕಳಿಸಿದ್ದರು, ಕೇಳುತ್ತ ಕೇಳುತ್ತ ಮನೆ ಹುಡುಕಿಕೊಂಡು ಬಂದಿದ್ದಳು. ಬಂದವಳು ನನ್ನನ್ನು ತಬ್ಬಿಕೊಳ್ಳಲಿಲ್ಲ, ಅವರ ಹೆಸರು ಹಿಡಿದು ಅಳಲಿಲ್ಲ. ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತು ಒಳಗೆ ಮುಖ ಮಾಡಿ ಕೂಗಿದಳು.

“ಬಿಸಲು ಭಾಳ ಆಗೈತಿ ಯವ್ವಾ. ನಿನ್ನ ಕೈಲೆ ಒಂದು ತಂಬಿಗಿ ನೀರು ಕೊಡು.”

ನನ್ನ ಅಕ್ಕ ನೀರು ತರಲು ಎದ್ದಳು. ಮುದುಕಿ ಬೇಡ ಅಂತ ಕೈ ಮಾಡಿದಳು. ನಾನು ಎದ್ದೆ. ಗೋಡೆ ಹಿಡಿದುಕೊಂಡು ಗಡಿಗೆಯ ತನಕ ಹೋದೆ. ಮುಚ್ಚಳದ ಮೇಲೆ ನಮ್ಮವರ ತಂಬಿಗೆ ಇತ್ತು. ತುಂಬಿ ತಂದು ಅವಳ ಕೈಗೆ ಕೊಟ್ಟೆ. ಅವಳು ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ, ಕತ್ತು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಒಂದು ಗೇಣು ಮೇಲಿನಿಂದ ಧಾರೆ ಬಿಟ್ಟುಕೊಂಡಳು. ಹನಿ ಕುಪ್ಪಸದ ಮೇಲೆ ಬಿತ್ತು. ಎಡಗೈಯಿಂದ ಒರೆಸಿಕೊಂಡಳು.

“ಹಾಂ,” ಅಂದಳು. “ಅದೀ ನೋಡು.”

ಅವೊತ್ತು ಸಂಜೆ ನಾನೇ ಒಲೆ ಹಚ್ಚಿದೆ. ಇಬ್ಬರೂ ರೊಟ್ಟಿ ತಿಂದೆವು, ಅವಳು ತಂದ ರಂಜಕ ಹಚ್ಚಿಕೊಂಡು. ಅದು ನನ್ನದಕ್ಕಿಂತ ಚೆನ್ನಾಗಿಯೇ ಇತ್ತು.