ಗೋಡೆಯ ಮೇಲೆ ಉಳಿದ ಚೆಂಡು

ಪತ್ರಿಕೆಯನ್ನು ನಾನು ಹಿಂದಿನ ಪುಟದಿಂದ ಓದುತ್ತೇನೆ. ಮನೆಯವರು ಇದನ್ನು ವಯಸ್ಸಿನ ದೋಷ ಎಂದುಕೊಂಡಿದ್ದಾರೆ. ದೋಷ ನನ್ನದಲ್ಲ, ನಮ್ಮಪ್ಪನದು. ಅವರು ಓದುತ್ತಿದ್ದುದು ಹೈದರಾಬಾದಿನಿಂದ ರೈಲಿನಲ್ಲಿ ಬರುತ್ತಿದ್ದ ಉರ್ದು ಪತ್ರಿಕೆ, ಬಲದಿಂದ ಎಡಕ್ಕೆ ಓದುವಂಥದು. ನಾವು ಯಾವುದನ್ನು ಕೊನೆಯ ಪುಟ ಎನ್ನುತ್ತೇವೋ ಅದು ಅವರಿಗೆ ಮೊದಲನೆಯದು. ಅವರ ಮೊಣಕೈಗೆ ಆತುಕೊಂಡು ಕೂತು ಕಲಿತ ಕೈ ಇಂದಿಗೂ ಆ ಕಡೆಯಿಂದಲೇ ಪುಟ ತೆರೆಯುತ್ತದೆ. ಕನ್ನಡ ಪತ್ರಿಕೆಯಲ್ಲಿ ಆ ಕಡೆ ಇರುವುದು ಆಟದ ಸುದ್ದಿ. ಹೀಗಾಗಿ ನನಗೆ ದಿನವೂ ಆಟ ಮೊದಲು, ರಾಜಕಾರಣ ಕೊನೆಗೆ. ಎಷ್ಟೋ ದಿನ ಅಲ್ಲಿಗೆ ಮುಟ್ಟುವ ಮೊದಲೇ ನಿದ್ದೆ ಬರುತ್ತದೆ, ನಷ್ಟವೇನೂ ಆದಂತಿಲ್ಲ.

ಇವತ್ತು ಬೆಳಿಗ್ಗೆ ಹಾಗೆ ತೆರೆದಾಗ ಒಂದು ವ್ಯಂಗ್ಯಚಿತ್ರ ಸಿಕ್ಕಿತು. ಯಾರೋ ಮಂತ್ರಿ, ಚಡ್ಡಿ ತೊಟ್ಟು, ಹೊಟ್ಟೆಯನ್ನು ಬನಿಯನ್ನಿನೊಳಗೆ ಹೇಗೋ ಹಿಡಿಸಿಕೊಂಡು, ಫುಟ್‌ಬಾಲನ್ನು ತನ್ನದೇ ಗೋಲಿಗೆ ಒದ್ದು ಎರಡೂ ಕೈ ಎತ್ತಿ ಕುಣಿಯುತ್ತಿದ್ದಾನೆ. ನಕ್ಕೆ. ನಗು ಮುಗಿಯುವ ಮೊದಲೇ ಒಂದು ಯೋಚನೆ ಬಂತು: ಪಾಪ, ಈ ಮನುಷ್ಯ ಇದನ್ನು ಹೇಗೆ ಒರೆಸುತ್ತಾನೆ?

ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಗುರುಪಾದಪ್ಪ ಕಾಕಾನ ಚಹಾದ ಹೋಟೆಲು ಕಂಡವರಿಗೆ ಅನ್ನಿಸಲಾರದು.

ಆ ಹೋಟೆಲಿನ ಪಕ್ಕದ ಗೋಡೆಗೆ ತಗಡಿನ ಇಳಿಜಾರು ಚಾಚಿಕೊಂಡಿತ್ತು, ಮಳೆ ಅಷ್ಟಾಗಿ ತಾಗುತ್ತಿರಲಿಲ್ಲ. ಯುಗಾದಿಯ ಮುಂದೆ ಸುಣ್ಣ ಬಳಿದರೆ ವರ್ಷವಿಡೀ ಬೆಳ್ಳಗಿರುತ್ತಿತ್ತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಆ ಗೋಡೆ ಕೆನೆಗಟ್ಟಿದ ಹಾಲಿನ ಹಾಗೆ ಕಾಣುತ್ತಿತ್ತು. ಬೆರಳಿಟ್ಟರೆ ಅಲುಗುತ್ತದೇನೋ ಅನ್ನುವಷ್ಟು. ಫುಟ್‌ಬಾಲ್ ಮ್ಯಾಚು ಮುಗಿದ ಮರುದಿನ ಅದರ ಮೇಲೆ ಪೇಂಟರ್ ಹಣಮಂತ ಚಿತ್ರ ಬರೆಯುತ್ತಿದ್ದ. ಹೋಟೆಲಿನ ಒಲೆಯ ಇದ್ದಿಲೇ ಅವನ ಕುಂಚ.

ಅದಕ್ಕೊಂದು ರಿವಾಜು ಇತ್ತು. ಯಾರ ಚಿತ್ರವೋ ಅವರೇ ಬಂದು ನೋಡಬೇಕು, ನಗಬೇಕು, ತಮ್ಮ ಕೈಯಿಂದಲೇ ಒರೆಸಬೇಕು, ಅಲ್ಲಿದ್ದವರಿಗೆಲ್ಲ ಚಹಾ ಕುಡಿಸಬೇಕು. ಬೇರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಒರೆಸದ ಚಿತ್ರ ಗೋಡೆಯ ಮೇಲೆ ಎಷ್ಟು ದಿನ ಇರುತ್ತದೋ ಅಷ್ಟು ದಿನ ಆ ಮನುಷ್ಯ ಮುನಿಸಿಕೊಂಡಿದ್ದಾನೆ ಎಂದು ಲೆಕ್ಕ. ಈ ರಿವಾಜು ಹಾಕಿದವರು ಯಾರೋ ಗೊತ್ತಿಲ್ಲ. ಚಹಾ ಮಾರುತ್ತಿದ್ದವರು ಯಾರೆಂದು ಮಾತ್ರ ಗೊತ್ತು.

ಹಣಮಂತ ಭೀಮೆಯ ದಂಡೆಯ ಅಂಬಿಗರ ಮನೆಯವನು. ಅಣ್ಣ ಹರಿಗೋಲು ಹಾಕುತ್ತಿದ್ದ, ಇವನು ಬೋರ್ಡು ಬರೆಯುತ್ತಿದ್ದ. ಅಂಗಡಿ, ಕಚೇರಿ, ವಕೀಲರ ಮನೆಯ ಬಾಗಿಲು, ಎಲ್ಲ ಕಡೆ ಅವನ ಉರ್ದು ಅಕ್ಷರ ನೀರಿನ ಮೇಲೆ ಹೊರಟ ನಾವೆಯ ಹಾಗೆ ತೇಲುತ್ತಿತ್ತು. ಆಗ ನಿಜಾಮರ ಕಾಲ, ಶಾಲೆಯೆಲ್ಲ ಉರ್ದುವಿನಲ್ಲಿ. ನಮ್ಮ ಮನೆಯಲ್ಲಿ ಅಜ್ಜಿ ಬೂದಿ ಹರಡಿ ಅದರ ಮೇಲೆ ನನ್ನ ಬೆರಳು ಹಿಡಿದು ಕನ್ನಡ ತಿದ್ದಿಸಿದ್ದಳು. ಅವನ ಮನೆಯಲ್ಲಿ ತಿದ್ದಿಸುವವರು ಇರಲಿಲ್ಲ. ಕನ್ನಡದಲ್ಲಿ ಬಯ್ಯುತ್ತಿದ್ದ, ಹಾಡುತ್ತಿದ್ದ, ಕನಸು ಕಾಣುತ್ತಿದ್ದ, ಬರೆಯಲು ಬರುತ್ತಿರಲಿಲ್ಲ. ಬಾಯಿ ಒಂದು ಊರಿನದು, ಕೈ ಇನ್ನೊಂದು ಊರಿನದು.

ನಾನು ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಊರಿನ ತಂಡಕ್ಕೆ ಗೋಲ್‌ಕೀಪರ್. ಎರಡು ಕೆಲಸಕ್ಕೂ ಬೇಕಾದ ಒಂದೇ ಗುಣ ನನ್ನಲ್ಲಿತ್ತು: ನಿಂತಲ್ಲಿ ನಿಲ್ಲುವುದು. ಗೋಲ್‌ಕೀಪರನಷ್ಟು ಒಂಟಿ ಜೀವ ಮೈದಾನದಲ್ಲಿ ಇನ್ನೊಂದಿಲ್ಲ. ಚೆಂಡು ಆ ಕಡೆ ಇದ್ದಾಗ ಅವನಿಗೆ ಇಡೀ ಆಕಾಶ ಬಿಡುವು. ನಮ್ಮ ಮೈದಾನ ರೈಲು ಹಳಿಯ ಪಕ್ಕ. ಮದ್ರಾಸಿನ ಕಡೆಯ ಗಾಡಿ ಹೊಗೆ ಬಿಟ್ಟುಕೊಂಡು ಹೋಗುವಾಗ, ಕಿಟಕಿಯಲ್ಲಿ ತಲೆಯಿಟ್ಟ ಆ ಗುರುತಿಲ್ಲದ ಮಂದಿ ಎಲ್ಲಿ ಇಳಿದಾರು, ಅವರ ಊರಿನಲ್ಲಿ ಜೋಳದ ರೊಟ್ಟಿ ಉಂಟೋ ಇಲ್ಲವೋ ಎಂದೆಲ್ಲ ಯೋಚಿಸುತ್ತ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಬೆನ್ನ ಹಿಂದೆ ಕೂಗು ಏಳುತ್ತಿತ್ತು. ಹಣಮಂತ ನನ್ನನ್ನು ಬರೆದದ್ದು ಹಾಗೇ: ಗೋಲ್‌ಕೀಪರ್ ಗಾಡಿಗೆ ಕೈ ಬೀಸುತ್ತಿದ್ದಾನೆ, ಚೆಂಡು ಅವನ ಕಾಲ ಸಂದಿಯಿಂದ ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ನುಸುಳುತ್ತಿದೆ. ನನ್ನ ಮುಖವನ್ನು ನಾನೇ ಟವೆಲಿನಿಂದ ಒರೆಸಿದ್ದು ಎಷ್ಟು ಸಲವೋ. ಕನ್ನಡಿಯ ಮುಂದೆ ಕಲಿಯದ ವಿನಯವನ್ನು ಆ ಗೋಡೆಯ ಮುಂದೆ ಕಲಿತೆ.

ನೆರೆಯೂರಿನವರಿಗೂ ರಿಯಾಯಿತಿ ಇರಲಿಲ್ಲ. ಶಹಾಪುರದ ಗುಡ್ಡ ದೂರದಿಂದ ನೋಡಿದರೆ ಮಲಗಿದ ಮನುಷ್ಯನ ಹಾಗಿದೆಯಷ್ಟೆ; ಅವರ ಗೋಲ್‌ಕೀಪರನನ್ನು ಹಣಮಂತ ಗುಡ್ಡವನ್ನಾಗಿಯೇ ಬರೆದ, ಹೊಟ್ಟೆಯ ಮೇಲೆ ಕುರಿ ಮೇಯುತ್ತಿದ್ದವು. ಸುರಪುರದವರು ಹಳೆಯ ಸಂಸ್ಥಾನದ ಮಂದಿ, ಸಿಕ್ಕ ಚೆಂಡನ್ನು ಸ್ವಂತ ಅಣ್ಣನಿಗೂ ಕೊಡುತ್ತಿರಲಿಲ್ಲ. ಅವರ ನಾಯಕ ಚೆಂಡಿನ ಸುತ್ತ ಕೋಟೆ ಕಟ್ಟಿಸಿ ಬುರುಜಿನ ಮೇಲೆ ಕೂತಿದ್ದ. ಇಬ್ಬರೂ ಮುಂದಿನ ಮ್ಯಾಚಿಗೆ ಬಂದಾಗ ನೋಡಿದರು, ನಕ್ಕರು, ಒರೆಸಿದರು.

ಆಟದ ಚಿತ್ರದೊಳಗೆ ರಾಜಕಾರಣ ಯಾವಾಗ ನುಸುಳಿತು ಎಂದು ಹೇಳುವುದು ಕಷ್ಟ. ನಿಜಾಮರ ಆಡಳಿತ ಮುಗಿದ ಆ ಕೆಟ್ಟ ತಿಂಗಳುಗಳಲ್ಲಿ ಗೋಡೆ ಬೆಳ್ಳಗೇ ಇತ್ತು. ನಗುವ ಹೊತ್ತಲ್ಲ ಅದು. ಆಮೇಲೆ ಒಂದು ದಿನ ಗಂಜ್ ಪೇಟೆಯ ಕಾಳಿನ ವ್ಯಾಪಾರಿ ಶರಣಪ್ಪ ಸಾಹುಕಾರ ಗೋಡೆಯ ಮೇಲೆ ಬಂದ. ವರ್ಷಗಟ್ಟಲೆ ತಲೆಯ ಮೇಲಿದ್ದ ನಿಜಾಮಶಾಹಿಯ ಕೆಂಪು ರೂಮಿ ಟೋಪಿ ಇಳಿಸಿ ರಾತ್ರಿ ಬೆಳಗಾಗುವುದರಲ್ಲಿ ಬಿಳಿ ಖಾದಿ ಟೋಪಿ ಇಟ್ಟವನು ಅವನು. ಅರ್ಧ ಆಟ ಮುಗಿದ ಮೇಲೆ ತಂಡಗಳು ದಿಕ್ಕು ಬದಲಿಸುತ್ತವೆ. ಚಿತ್ರದಲ್ಲಿ ಸಾಹುಕಾರ ದಿಕ್ಕು ಬದಲಿಸದೆ ಅಂಗಿ ಬದಲಿಸುತ್ತಿದ್ದ. ಊರೆಲ್ಲ ಉಸಿರು ಹಿಡಿದು ನೋಡಿತು. ಸಾಹುಕಾರ ಬಂದ, ನೋಡಿದ, ಟೋಪಿ ತೆಗೆದು ಅದರಿಂದಲೇ ಒರೆಸಿದ. ಚಹಾದ ಜೊತೆ ಭಜಿಯನ್ನೂ ಕೊಡಿಸಿದ. ಆ ಇದ್ದಿಲಿನ ಕಲೆಯ ಟೋಪಿಯನ್ನೇ ವಾರವೆಲ್ಲ ಇಟ್ಟುಕೊಂಡು ತಿರುಗಿದ ಮೇಲೆ ಅವನನ್ನು ಯಾರೂ ಮತ್ತೆ ಆಡಿಕೊಳ್ಳಲಿಲ್ಲ.

ಹಳೆಯ ಗುಡಿಗಳಲ್ಲಿ ನೀವು ಗಮನಿಸಿರಬೇಕು. ಮೇಲೆ ದೇವರು, ರಾಜ, ಆನೆ. ಅವರೆಲ್ಲರ ಭಾರ ಹೊತ್ತ ಕಂಬದ ತುದಿಯಲ್ಲಿ ಹೊಟ್ಟೆ ಬಿಟ್ಟುಕೊಂಡು ಹಲ್ಲು ಕಿರಿಯುವ ಒಬ್ಬ ಕುಳ್ಳ. ಶಿಲ್ಪಿ ಯಾರ ಮುಖವನ್ನು ಅಲ್ಲಿಟ್ಟನೋ, ಊರ ಗೌಡನದೋ ಪಾರುಪತ್ಯಗಾರನದೋ, ಈಗ ಹೇಳುವವರಿಲ್ಲ. ಅರಸನನ್ನು ನಗಿಸುವವನಿಗೆ ಅರಮನೆಯಲ್ಲಿ ಜಾಗ ಸಿಕ್ಕಿತು. ಅರಸನನ್ನು ನೋಡಿ ನಗುವವನು ಗುಡಿಯ ಮೂಲೆ ಹುಡುಕಿಕೊಂಡ. ನಮ್ಮೂರಿನಲ್ಲಿ ಅವನಿಗೆ ಚಹಾದಂಗಡಿಯ ಗೋಡೆ ಸಿಕ್ಕಿತ್ತು.

ಕನ್ನಡದ ನಾಡು ಒಂದಾದಾಗ ನಾವೆಲ್ಲ ಕುಣಿದೆವು, ಹಣಮಂತನೂ ಕುಣಿದ. ಕುಣಿದು ಮನೆಗೆ ಹೋದ ಮೇಲೆ ಅವನಿಗೆ ಹೊಳೆದದ್ದು, ಇನ್ನು ಉರ್ದು ಬೋರ್ಡು ಬರೆಸುವವರು ಯಾರು? ತಿಂಗಳೊಪ್ಪತ್ತಿನಲ್ಲಿ ಕೆಲಸ ನಿಂತಿತು. ನನ್ನ ಹತ್ತಿರ ಬಂದು ಕೂತ; ಸಂಜೆ ಸಂಜೆ ನಾನು ಅವನಿಗೆ ಅಕ್ಷರ ಹೇಳಿಕೊಟ್ಟೆ, ಅವನ ಬಾಯಲ್ಲಿ ಗುಮಾಸ್ತ ಮಾಸ್ತರನಾದೆ. ‘ನಿಮ್ಮ ಕನ್ನಡ ಅಂದ್ರ ಬರೇ ಚೆಂಡು ನೋಡ್ರಿ ಮಾಸ್ತರ,’ ಅನ್ನುತ್ತಿದ್ದ. ‘ಒಂದಕ್ಕರ ಮೂಲಿ ಅದನೇನು? ಹಿಡೀಲಿಕ್ಕೆ ಹೋದ್ರ ಉಳ್ಳಿ ಹೋಗ್ತದ.’ ಆದರೂ ಹಿಡಿದ. ತಾಲೂಕಿನ ಕಚೇರಿಗಳ ಬೋರ್ಡುಗಳನ್ನೆಲ್ಲ ಕನ್ನಡದಲ್ಲಿ ಬರೆಸಬೇಕೆಂದು ಆದೇಶ ಬಂದಾಗ ತನ್ನ ಕೈಯಿಂದಲೇ ಅರ್ಜಿ ಬರೆದು ನಮ್ಮ ಕಚೇರಿಗೆ ಕೊಟ್ಟ. ಆ ಕೆಲಸ ಸಿಗದಿದ್ದರೆ ಸೊಲ್ಲಾಪುರದ ಬಟ್ಟೆ ಗಿರಣಿಗೆ ಹೋಗುವುದೆಂದು ಗೊತ್ತಾಗಿತ್ತು. ಅಲ್ಲಿದ್ದ ಭಾವ ಹಬ್ಬಕ್ಕೆ ಬಂದವನು ಕರೆದುಕೊಂಡೇ ಹೋಗುವುದಾಗಿ ಹೇಳಿ ಕೂತಿದ್ದ. ಗಿರಣಿಯಲ್ಲಿ ಕುಂಚಕ್ಕೇನು ಕೆಲಸ? ಇದ್ದಿಲಿಗೆ ಗೋಡೆ ಎಲ್ಲಿ?

ಆಗ ನಮಗೆ ಮೈಸೂರಿನ ಕಡೆಯಿಂದ ಹೊಸ ಸಾಹೇಬರು ಬಂದಿದ್ದರು. ಒಳ್ಳೆಯ ಮನುಷ್ಯ, ಮಿತಭಾಷಿ. ನಮ್ಮವರು ‘ಯಾಕ್ರಿ, ಯಾವಾಗ ಬಂದ್ರಿ’ ಎಂದು ಪ್ರೀತಿಯಿಂದ ಕೇಳಿದರೆ ಜಗಳಕ್ಕೆ ಬಂದರೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಯಾವ ಕಾಗದವನ್ನೂ ಮೂರು ಸಲ ಓದದೆ ಸಹಿ ಮಾಡುತ್ತಿರಲಿಲ್ಲ. ಮೂರನೆಯ ಸಲಕ್ಕೆ ಮೊದಲನೆಯದು ಮರೆತಿರುತ್ತಿತ್ತು. ಅರ್ಜಿ ಮೇಜಿನ ಮೇಲೇ ಉಳಿಯಿತು.

ಹಣಮಂತನ ತಾಳ್ಮೆ ಮುಗಿಯಿತು. ಒಂದು ಬೆಳಿಗ್ಗೆ ಗೋಡೆಯ ಮೇಲೆ ಸಾಹೇಬರು ಕೋಟು ಹಾಕಿಕೊಂಡೇ ಗೋಲಿನಲ್ಲಿ ನಿಂತಿದ್ದರು. ಚೆಂಡನ್ನು ಹಿಡಿದಿದ್ದರು, ಎದೆಗೆ ಅವಚಿಕೊಂಡಿದ್ದರು, ಬಿಡುತ್ತಿರಲಿಲ್ಲ. ಎರಡೂ ತಂಡದವರು ಮುಂದೆ ನೆಲದ ಮೇಲೆ ಕೂತು ಆಕಳಿಸುತ್ತಿದ್ದರು. ಚೆಂಡಿನ ಬಾಯಿ ಹೊಲಿಯುವ ದಾರ ಇರುತ್ತದಲ್ಲ, ಅದರ ಜಾಗದಲ್ಲಿ ಕಡತ ಕಟ್ಟುವ ದಾರದ ಗಂಟು.

ಊರು ಕಾಯತೊಡಗಿತು. ಸಾಹೇಬರು ದಿನವೂ ಆ ದಾರಿಯಲ್ಲೇ ಹೋಗುತ್ತಿದ್ದರು. ನೋಡುತ್ತಿದ್ದರು, ಮುಖ ತಿರುಗಿಸಿ ನಡೆಯುತ್ತಿದ್ದರು. ಹೊರಗಿನಿಂದ ಬಂದವರಿಗೆ ರಿವಾಜು ಗೊತ್ತಿಲ್ಲ ಎಂಬ ಮಾತು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಚಿತ್ರ ಉಳಿದಷ್ಟೂ ಅವರ ಸಿಟ್ಟು ದೊಡ್ಡದು ಎಂದು ನಾವು ತಿಳಿದೆವು. ಕಚೇರಿಯಲ್ಲಿ ಹಣಮಂತನ ಅರ್ಜಿ ಕಾಗದದ ರಾಶಿಯ ಅಡಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಭಾವ ಟ್ರಂಕು ಕಟ್ಟತೊಡಗಿದ್ದ.

ನೀನೇ ಅಳಿಸಿಬಿಡು ಎಂದು ಹಣಮಂತನಿಗೆ ಹೇಳಿದೆ. ಅವನು ಸಾಸರಿನ ಚಹಾ ಊದುತ್ತ ಕೂತಿದ್ದ.

‘ನಾ ಹ್ಯಾಂಗ ಅಳಿಸಲ್ರಿ ಮಾಸ್ತರ? ಅವರ ನಗಿ ಅವರದು. ನಾ ಅಳಿಸಿದ್ರ ಅವರ ನಗಿ ಕಸಗೊಂಡಂಗ ಆಗ್ತದ.’

‘ಸೊಲ್ಲಾಪುರಕ್ಕ ಹೋಗ್ತಿಯೇನು ಮತ್ತ?’

‘ಹೋಗ್ತೀನಿ. ಆದ್ರ ಒಬ್ಬ ಮನಿಷ್ಯಾ ನಗಂಗಿಲ್ಲ ಅಂತ ನಾನ ಠರಾವು ಮಾಡಿ ಹೋಗಂಗಿಲ್ಲ.’

ಮರುದಿನ ಸಾಹೇಬರು ನನ್ನನ್ನು ಒಳಗೆ ಕರೆದರು. ಮೇಜಿನ ಮುಂದೆ ಹೋಗಿ ನಿಂತೆ. ಸಾಹೇಬರು ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಕೇಳಿದರು.

‘ಏನ್ರೀ, ನಿಮ್ಮೂರಿಗೆ ನಾನು ಅಂಥದ್ದೇನು ಮಾಡಿದೀನಿ? ಬರೆದವನು ಬರೆದ, ಬಿಡಿ. ಇಷ್ಟು ದಿನ ಆಯಿತು, ಅದನ್ನ ಅಳಿಸೋಣ ಅಂತ ಒಬ್ಬರಿಗಾದರೂ ಅನ್ನಿಸಲಿಲ್ಲವಲ್ಲ.’

ಸಿಟ್ಟಿನ ದನಿಯಲ್ಲ ಅದು. ಹೊಸ ಊರಿನಲ್ಲಿ ಒಂಟಿಯಾಗಿ ಉಣ್ಣುವ ಮನುಷ್ಯನ ದನಿ. ಗೋಲಿನಲ್ಲಿ ನಿಂತವನ ಒಂಟಿತನ ನನಗೆ ಪರಿಚಿತ. ಬಾಯಿ ತಾನಾಗಿಯೇ ತೆರೆಯಿತು.

‘ನಾವು ಅಳಿಸಾಕ ಬರಂಗಿಲ್ರಿ ಸಾಹೇಬ್ರ. ನೀವ ಅಳಿಸಬೇಕ್ರಿ. ಊರು ನಿಮ್ಮ ದಾರಿನ ಕಾಯಾಕತ್ತದ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ರಿವಾಜನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡರು: ನೋಡುವುದು, ನಗುವುದು, ಒರೆಸುವುದು, ಚಹಾ. ಬರೆದದ್ದನ್ನು ಮೂರು ಸಲ ಓದಿದರು. ನಗು ಬಾರದಿದ್ದರೆ ಏನು ಮಾಡಬೇಕೆಂದು ಕೇಳಿದರು. ಚಹಾ ಕುಡಿಸಿದರೂ ನಡೆಯುತ್ತದೆ ಎಂದು ಗುರುಪಾದಪ್ಪ ಕಾಕಾನ ಪರವಾಗಿ ನಾನೇ ತೀರ್ಪು ಕೊಟ್ಟೆ.

ಆ ಸಂಜೆ ಅವರು ಬಂದರು. ಬಿಸಿಲು ಗೋಡೆಯ ಮೇಲೆ ಓರೆಯಾಗಿತ್ತು, ಮೈದಾನದ ಧೂಳು ಬಂಗಾರದ ಹಿಟ್ಟಿನ ಹಾಗೆ ನಿಧಾನ ಇಳಿಯುತ್ತಿತ್ತು. ಹೋಟೆಲಿನ ಬಾಕಿನ ಮೇಲೆ ಕೂತಿದ್ದವರು ಎದ್ದು ನಿಂತರು. ಸಾಹೇಬರು ತಮ್ಮನ್ನು ತಾವು ಬಹಳ ಹೊತ್ತು ನೋಡಿದರು.

‘ಮೂಗು ಸ್ವಲ್ಪ ಉದ್ದ ಆಯಿತು,’ ಅಂದರು.

‘ಮೂಗು ಇದ್ದಷ್ಟ ಅದ ರೀ ಸಾಹೇಬ್ರ,’ ಅಂದ ಹಣಮಂತ. ‘ಕಿವಿ ಸಣ್ಣವು ಮಾಡೀನಿ.’

ಸಾಹೇಬರ ಕೈ ತಾನಾಗಿಯೇ ಕಿವಿಗೆ ಹೋಯಿತು. ಆಮೇಲೆ ಅವರ ಹೊಟ್ಟೆಯ ಆಳದಿಂದ ತುಕ್ಕು ಹಿಡಿದ ಬಾಗಿಲು ತೆರೆದ ಹಾಗೊಂದು ಶಬ್ದ ಬಂತು. ಅದು ನಗುವೆಂದು ನಮಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಸ್ಟೇಷನ್ನಿನವರೆಗೂ ಕೇಳುವಂತೆ ಎಲ್ಲರೂ ನಕ್ಕೆವು.

ಸಾಹೇಬರು ಹೆಗಲ ಮೇಲೆ ಟವೆಲಿಲ್ಲದ ನಾಡಿನವರು. ಜೇಬಿನಿಂದ ಅಂಗೈಯಗಲದ ಕರವಸ್ತ್ರ ತೆಗೆದು ಒರೆಸತೊಡಗಿದರು. ಮೂಗು, ಕಿವಿ, ಕೋಟು, ಕೊನೆಗೆ ಚೆಂಡು ಹಿಡಿದ ಕೈ. ಅಲ್ಲಿಗೆ ನಿಲ್ಲಿಸಿ ಕರವಸ್ತ್ರ ಮಡಿಚಿದರು. ಚೆಂಡು ಉಳಿಯಿತೆಂದು ಗುರುಪಾದಪ್ಪ ಕಾಕಾ ಮೆಲ್ಲಗೆ ಎಚ್ಚರಿಸಿದ. ಸಾಹೇಬರು ಜೇಬಿನ ಚೀಟಿ ತೆಗೆದು ನೋಡಿದರು.

‘ಯಾರ ಚಿತ್ರವೋ ಅವರು ಒರೆಸಬೇಕು ಅಂತ ತಾನೇ ನಿಯಮ? ಚೆಂಡು ನಾನಲ್ಲವಲ್ಲ.’ ಆಮೇಲೆ ಹಣಮಂತನ ಕಡೆ ತಿರುಗಿದರು. ‘ನಾಳೆ ಬಣ್ಣ ತಗೊಂಡು ಕಚೇರಿಗೆ ಬನ್ನಿ.’

ಭಾವ ಒಬ್ಬನೇ ಸೊಲ್ಲಾಪುರದ ಗಾಡಿ ಹತ್ತಿದ. ಹಣಮಂತನ ಮೊದಲ ಕನ್ನಡ ಬೋರ್ಡಿನ ಅಕ್ಷರಗಳು ತುಸು ಎಡಕ್ಕೆ ವಾಲಿದ್ದವು, ಹಳೆಯ ಊರಿನ ನೆನಪಾದವರ ಹಾಗೆ. ಸಾಹೇಬರು ಅದನ್ನು ಒಂದೇ ಸಲ ಓದಿ ಒಪ್ಪಿದರು.

ಉಳಿದದ್ದು ಚೆಂಡಿನ ಪ್ರಶ್ನೆ. ಚೆಂಡು ಯಾರ ಮುಖವೂ ಅಲ್ಲವಾದ್ದರಿಂದ ಒರೆಸುವ ಹಕ್ಕು ಯಾರಿಗೂ ಇರಲಿಲ್ಲ. ಯುಗಾದಿಗೆ ಕಾಕಾ ಅದರ ಸುತ್ತ ಮಾತ್ರ ಸುಣ್ಣ ಬಳಿದ. ಮಾಸಿದಾಗ ಹಣಮಂತ ತಿದ್ದಿದ. ಸಾಹೇಬರು ವರ್ಗವಾಗಿ ಹೋದರು, ಇನ್ನೊಬ್ಬರು ಬಂದರು. ಚುನಾವಣೆಗಳು ಬಂದವು, ಮತ ಕೇಳುವವರು ಅದರ ಕೆಳಗಿನ ಬಾಕಿನಲ್ಲೇ ಕೂತು ಚಹಾ ಕುಡಿದು ಹೋದರು. ಕಡತದ ದಾರ ಕಟ್ಟಿದ ಚೆಂಡು ಯಾರ ಕೈಗೂ ಸಿಗದೆ, ನೆಲಕ್ಕೂ ಬೀಳದೆ, ಸಂಜೆಯ ಬಿಸಿಲಿನಲ್ಲಿ ತೇಲುತ್ತಿತ್ತು. ಅದಕ್ಕೊಂದು ಕೈಯನ್ನಾದರೂ ಬರಿ ಎಂದು ನಾನು ಅಂದರೆ, ತಡೀರಿ ಮಾಸ್ತರ, ಯಾರರ ಬರ್ತಾರ, ಅನ್ನುತ್ತಿದ್ದ ಹಣಮಂತ.

ಇವತ್ತಿನ ಪತ್ರಿಕೆಯ ಮಂತ್ರಿಯ ಬಗ್ಗೆ ನನಗೆ ಮರುಕ ಅದಕ್ಕೇ. ಅಚ್ಚಾದ ಮುಖವನ್ನು ಒರೆಸಲು ಬರುವುದಿಲ್ಲ, ಲಕ್ಷ ಮಂದಿಗೆ ಚಹಾ ಕುಡಿಸಲೂ ಆಗುವುದಿಲ್ಲ. ನಾನು ಪುಟ ಮಡಿಚಿ ಕಣ್ಣು ಮುಚ್ಚುತ್ತೇನೆ. ಹಳಿಯ ಮೇಲೆ ಗಾಡಿ ಹೋಗುತ್ತದೆ, ಬಿಳಿ ಗೋಡೆ, ಅದರ ಮೇಲೆ ಆ ಚೆಂಡು. ಇಪ್ಪತ್ತು ವರ್ಷ ಗೋಲಿನಲ್ಲಿ ನಿಂತವನು ನಾನು. ನನ್ನನ್ನು ದಾಟಿ ಹೋಗದ ಚೆಂಡು ಅದೊಂದೇ.